ಗಡ್ಡದವರ ಪಿಯಾನೊ, ಬೋಳುತಲೆಯವರ ಪಿಯಾನೊ

ಇಂದ:
ನೀಲಕಂಠ ತಂದೆ ಈಶಪ್ಪ,
ದ್ವಿತೀಯ ದರ್ಜೆ ಸಹಾಯಕ (ಸಿಬ್ಬಂದಿ ಶಾಖೆ),
ಕಾಲುವೆ ಉಪವಿಭಾಗ ಕಚೇರಿ, ಕಾಲುವೆ ಕ್ಯಾಂಪ್,
ಶಹಾಪುರ ತಾಲೂಕು.

ಗೆ:
ಮಾನ್ಯ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಸಾಹೇಬರು,
ಅದೇ ಕಚೇರಿ, ಎದುರಿನ ಕೋಣೆ.

ದಿನಾಂಕ: 12-12-1996, ಗುರುವಾರ

ವಿಷಯ: ಗೇಜ್ ರೀಡರ್ ಶ್ರೀ ಬಾಷುಮಿಯಾ ಇವರ ವರ್ಗಾವಣೆ ಅರ್ಜಿಯನ್ನು ತಿರಸ್ಕರಿಸುವ ಕುರಿತು, ಹಾಗೂ ತತ್ಸಂಬಂಧವಾಗಿ ಎರಡು ಪಿಯಾನೊ ಕ್ಯಾಸೆಟ್ಟುಗಳ ಬಗ್ಗೆ.

ಉಲ್ಲೇಖ:
1. ಸದರಿ ಬಾಷುಮಿಯಾ ಇವರ ಅರ್ಜಿ, ದಿನಾಂಕ 2-12-1996.
2. ಮಂಗಳೂರಿನಿಂದ ಬಂದ ಖಾಸಗಿ ಪತ್ರ, ತಲುಪಿದ್ದು ನಿನ್ನೆ.
3. ದೇವಕಮ್ಮನ ಚಹಾದ ಕ್ಯಾಂಟೀನಿನಲ್ಲಿ ದಿನಾಂಕ 29-11-1996ರಂದು ಬೆಳಗ್ಗೆ ಹನ್ನೊಂದಕ್ಕೆ ಆಡಿದ ಮಾತು (ಲಿಖಿತ ದಾಖಲೆ ಇಲ್ಲ, ಕೇಳಿದವರು ಒಂಬತ್ತು ಮಂದಿ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಹನ್ನೊಂದು ವರ್ಷಗಳಲ್ಲಿ ಊರ ಮಂದಿಯ ಸಲುವಾಗಿ ಲೆಕ್ಕವಿಲ್ಲದಷ್ಟು ಅರ್ಜಿ ಬರೆದುಕೊಟ್ಟ ನಾನು, ನನ್ನ ಸಲುವಾಗಿ ಬರೆಯುತ್ತಿರುವ ಮೊದಲನೆಯ ಅರ್ಜಿ ಇದಾಗಿರುತ್ತದೆ. ಕಾರಣ, ಅಲ್ಲಲ್ಲಿ ನಮೂನೆ ತಪ್ಪಿದ್ದರೆ ಮನ್ನಿಸಬೇಕು.

1. ಸದರಿ ಬಾಷುಮಿಯಾ ಸಗರದ ಕಡೆಯ ಉಪಕಾಲುವೆಯಲ್ಲಿ ಗೇಜ್ ರೀಡರ್. ನೀರಿನಲ್ಲಿ ನಿಲ್ಲಿಸಿದ ಕೋಲಿನ ಮೇಲಿನ ಗೀಟು ನೋಡಿ ಎಷ್ಟು ನೀರು ಬಂದಿದೆ ಎಂದು ಬರೆಯುವುದು, ಒಣಕಟ್ಟಿಗೆಯ ತುಂಡು ತೇಲಿಬಿಟ್ಟು ಸ್ಟಾಪ್‌ವಾಚ್ ಹಿಡಿದು ನೀರಿನ ಓಟ ಅಳೆಯುವುದು ಅವರ ಕೆಲಸ. ಇದು ತಮಗೆ ಗೊತ್ತಿರುವುದೇ ಆದರೂ ಕಡತಕ್ಕೆ ಬೇಕಾದ್ದರಿಂದ ಬರೆದಿದ್ದೇನೆ. ಸ್ಟಾಪ್‌ವಾಚಿನ ಸಂಗತಿ ಮುಂದೆ ಬರುತ್ತದೆ.

2. ತಮಗಿಂತ ಎರಡು ಸಾಹೇಬರ ಹಿಂದೆ, ಅಂದರೆ 1987ರವರೆಗೆ, ಈ ಕುರ್ಚಿಯಲ್ಲಿ ಮಂಗಳೂರು ಕಡೆಯ ಇಂಜಿನಿಯರ್ ಸಾಹೇಬರೊಬ್ಬರು ಇದ್ದರು. ಅವರ ಕ್ವಾರ್ಟರ್ಸಿನಲ್ಲಿ ಗ್ರಾಮಾಫೋನು ಇತ್ತು. ರವಿವಾರ ಮಧ್ಯಾಹ್ನ ಅದರ ಮೇಲೆ ಪಿಯಾನೊದ ತಟ್ಟೆ ಹಾಕಿ ಕಣ್ಣು ಮುಚ್ಚಿ ಕೂರುತ್ತಿದ್ದರು. ನಾನು ಸಹಿಗೆ ಕಡತ ತಂದವನು, ಬಾಷುಮಿಯಾ ರಜಿಸ್ಟರು ತಂದವರು. ಇಬ್ಬರೂ ಬಾಗಿಲಲ್ಲಿ ನಿಂತುಕೊಂಡೇ ಕೇಳಿದೆವು. ಸಾಹೇಬರು ಕಣ್ಣು ತೆರೆದು "ನಿಂತದ್ದು ಯಾಕೆ ಮಾರಾಯ್ರೆ, ಕುಳಿತುಕೊಳ್ಳಿ" ಎಂದರು. ಕುಳಿತೆವು. ಅಂದಿನಿಂದ ಎದ್ದಿಲ್ಲ ಎಂದೇ ಹೇಳಬಹುದು.

3. ನಾವಿಬ್ಬರೂ ಇಂದಿನವರೆಗೆ ಪಿಯಾನೊ ಎಂಬುದನ್ನು ಸಿನಿಮಾದಲ್ಲಿ ಬಿಟ್ಟರೆ ಎಲ್ಲಿಯೂ ನೋಡಿರುವುದಿಲ್ಲ. ಇದು ನಮ್ಮ ಅಭಿಪ್ರಾಯಗಳಿಗೆ ಎಂದೂ ಅಡ್ಡಿಯಾಗಿಲ್ಲ.

4. ಸಾಹೇಬರು ವರ್ಗವಾಗಿ ಹೋಗುವ ಮುನ್ನ ಇಬ್ಬರಿಗೂ ಒಂದೊಂದು ಕ್ಯಾಸೆಟ್ಟು ಮಾಡಿಕೊಟ್ಟರು. ಎರಡರಲ್ಲಿಯೂ ಅದೇ ರಾಗ. ಆದರೆ ನನ್ನದು ಚುರುಕು, ಅವರದು ನಿಧಾನ. ನನ್ನದರ ದನಿ ತಿಳಿ, ಅವರದರ ದನಿ ತುಸು ದಪ್ಪ. ಬಾಷುಮಿಯಾ ಸ್ಟಾಪ್‌ವಾಚ್ ಹಿಡಿದು ನೋಡಲಾಗಿ ನನ್ನದು ಹದಿನಾರು ನಿಮಿಷ ಹತ್ತು ಸೆಕೆಂಡ್, ಅವರದು ಹದಿನೇಳು ನಿಮಿಷ ನಲವತ್ತು ಸೆಕೆಂಡ್ ಬಂದಿತು. ತಟ್ಟೆಯ ಹೊದಿಕೆಯ ಮೇಲೆ ಇಬ್ಬರ ಚಿತ್ರ ಇದ್ದದ್ದನ್ನು ಇಬ್ಬರೂ ಕಂಡಿದ್ದೆವು. ಒಬ್ಬರು ಗಡ್ಡದವರು, ಒಬ್ಬರು ಬೋಳುತಲೆಯವರು. ಆದ್ದರಿಂದ ಚುರುಕಾಗಿ ಬಾರಿಸಿದವರು ಬೋಳುತಲೆಯವರು, ನಿಧಾನಕ್ಕೆ ಬಾರಿಸಿದವರು ಗಡ್ಡದವರು ಎಂದು ನಾನು ತೀರ್ಮಾನಿಸಿದೆ. ಗಡ್ಡವಿದ್ದವರಿಗೆ ಅವಸರ ಇರುವುದಿಲ್ಲ ಎಂಬುದು ಕಾರಣ.

5. ಅಲ್ಲಿಂದ ಒಂಬತ್ತು ವರ್ಷ, ಪ್ರತಿ ರವಿವಾರ ಮಧ್ಯಾಹ್ನ, ನನ್ನ ಮನೆಯ ಪಡಸಾಲೆಯಲ್ಲಿ ವಿಚಾರಣೆ ನಡೆದಿದೆ. ಕಾಲುವೆಯ ನೀರಿನ ಪಾಳಿಯಂತೆಯೇ ಇದಕ್ಕೂ ಪಾಳಿ ಹಚ್ಚಿಕೊಂಡೆವು. ಒಂದು ವಾರ ಬೋಳುತಲೆಯವರು ಮೊದಲು, ಮರುವಾರ ಗಡ್ಡದವರು ಮೊದಲು. ಒಬ್ಬರ ಪಾಳಿ ಮುಗಿಯುವವರೆಗೆ ಇನ್ನೊಬ್ಬರು ಬಾಯಿ ತೆರೆಯಬಾರದು. ನಡುವೆ ನಾನು ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಿಂದ, ಅವರು ರಾಯಚೂರಿನಿಂದ ಬೇರೆ ಪಿಯಾನೊ ಕ್ಯಾಸೆಟ್ಟುಗಳನ್ನೂ ಹುಡುಕಿ ತಂದೆವು. ನನ್ನ ಹತ್ತಿರ ಈಗ ಮೂವತ್ತೊಂದು ಇದ್ದು ಎಲ್ಲಕ್ಕೂ ಡಬ್ಬಿ, ನಂಬರು, ಟೈಪ್ ಮಾಡಿದ ಚೀಟಿ ಇವೆ. ಅವರ ಹತ್ತಿರ ಇಪ್ಪತ್ತಾರು ಇದ್ದು ಒಂದು ಹಿಟ್ಟಿನ ಡಬ್ಬದಲ್ಲಿವೆ.

ನನಗೆ ಸ್ವಚ್ಛ ದನಿ ಬೇಕು. ಸುರ್ ಎಂಬ ಸದ್ದು ಬಂದರೆ ಆ ಕ್ಯಾಸೆಟ್ಟು ನನಗೆ ವರ್ಜ್ಯ. ಬಾಷುಮಿಯಾ ಇದಕ್ಕೆ ತದ್ವಿರುದ್ಧ. "ಸುರ್ ಅನಬೇಕ್ರೀ ಅಣ್ಣ, ಯಾರರ ಕೆಮ್ಮಬೇಕು. ಕೆಮ್ಮಿಲ್ಲಂದ್ರ ಅಲ್ಲಿ ಮಂದೀನ ಇದ್ದಿಲ್ಲ ಅಂತಾತು. ಮಂದಿ ಇಲ್ಲದಲ್ಲಿ ಯಾರ ಸಲುವಾಗಿ ಬಾರಿಸ್ಯಾನ ಅಂವ?" ಎಂಬುದು ಅವರ ವಾದ. ವಿವಾದಿತ ಎರಡೂ ಕ್ಯಾಸೆಟ್ಟುಗಳಲ್ಲಿ ಒಂಬತ್ತನೆಯ ನಿಮಿಷದ ಆಸುಪಾಸು ಒಂದೊಂದು ಕೆಮ್ಮು ಇದೆ. ಗಡ್ಡದವರ ಸಭೆಯಲ್ಲಿ ಕೆಮ್ಮಿದ್ದು ಗಂಡಸು, ಬೋಳುತಲೆಯವರ ಸಭೆಯಲ್ಲಿ ಕೆಮ್ಮಿದ್ದು ಹೆಂಗಸು ಎಂದು ನಾನು ಲಿಖಿತ ಟಿಪ್ಪಣಿ ಮಾಡಿ ಸಹಿ ಹಾಕಿ ಇಟ್ಟಿದ್ದೇನೆ. ಅದನ್ನು ತೋರಿಸಿದಾಗ ಬಾಷುಮಿಯಾ ಬಹಳ ಹೊತ್ತು ಮುಖ ಆಚೆ ಮಾಡಿ ಕುಳಿತಿದ್ದರು. ಸೋತು ಹಾಗೆ ಕುಳಿತರೆಂದು ಆಗ ತಿಳಿದೆ.

6. ಮೂರನೆಯವರ ಅಭಿಪ್ರಾಯವನ್ನೂ ಪಡೆಯಲಾಗಿದೆ. ನೀರು ಬಂದಿಲ್ಲವೆಂದು ತಕರಾರು ತಂದಿದ್ದ ಕೊಂಕಲ್ಲಿನ ರೈತ ಅಮೋಘಸಿದ್ದ ಎಂಬವರನ್ನು ಕೂರಿಸಿ ಎರಡನ್ನೂ ಕೇಳಿಸಿದೆವು. ಅವರು ಟವಲು ಕೊಡವಿ, "ಎರಡೂ ಛಲೋ ಅವರಿ. ಮೊದಲನೇದು ಕಾಲುವಿ ಮ್ಯಾಲಿನ ಮಂದಿದು, ನೀರು ಬುಳುಬುಳು ಬರ್ತದ. ಎರಡನೇದು ನಮ್ಮಂಥ ಕೊನಿ ಹೊಲದವರದು, ಬರ್ತದ ಬರ್ತದ ಅಂತ ಕಾಯಬೇಕು. ಈಗ ನನ್ನ ನೀರಿಂದು ಹೇಳ್ರಿ" ಎಂದರು. ನನ್ನ ಪತ್ನಿ ಹಂಪಮ್ಮ ಮೊದಲ ವರ್ಷವೇ "ಎರಡೂ ಒಂದಾ ಕೇಳಸ್ತಾವಲ್ರಿ" ಎಂದು ಆಕ್ಷೇಪಣೆ ಸಲ್ಲಿಸಿದ್ದಳು. ಪಿಯಾನೊದ ತಿಳಿವಳಿಕೆ ಇಲ್ಲ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕಲಾಯಿತು.

7. ಹೀಗಿರುವಲ್ಲಿ, ಒಮ್ಮೆಗೇ ಗೆದ್ದುಬಿಡಬೇಕೆಂಬ ದುರಾಸೆ ನನ್ನಲ್ಲಿ ಹುಟ್ಟಿತು. ಕಳೆದ ತಿಂಗಳು ಮಂಗಳೂರಿನ ಸಾಹೇಬರ ವಿಳಾಸ ಪತ್ತೆಮಾಡಿ, ಇಬ್ಬರಲ್ಲಿ ಯಾರು ಶ್ರೇಷ್ಠರು ಎಂದು ತೀರ್ಪು ಕೊಡಬೇಕೆಂದು ಕಾಗದ ಹಾಕಿದೆ. ಬಾಷುಮಿಯಾ ಅವರಿಗೆ ಹೇಳಲಿಲ್ಲ. ಉತ್ತರ ಬರುವ ಮೊದಲೇ, ದಿನಾಂಕ 29-11-1996ರ ಶುಕ್ರವಾರ, ಎಲ್ಲ ಗೇಜ್ ರೀಡರುಗಳು ವಾರದ ರಜಿಸ್ಟರು ತಂದು ದೇವಕಮ್ಮನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದಾಗ, ಅದೇ ವಾದ ಬಂತು. ಬಾಷುಮಿಯಾ ನಗುತ್ತ, "ನಿಮ್ಮ ಬೋಳ್ಯಾಗ ಬಸ್ಸು ಹೋಗಿಬಿಡ್ತದಂತ ಅವಸರರಿ" ಎಂದರು. ಮಂದಿ ಹೋ ಎಂದು ನಕ್ಕಿತು. ನನಗೆ ಸಿಟ್ಟು ಬಂದು ಒಂದು ಮಾತು ಆಡಿದೆ. ಸದರಿ ಮಾತನ್ನು ಇಲ್ಲಿ ನಮೂದಿಸುವ ಅಗತ್ಯವಿರುವುದಿಲ್ಲ.

8. ಮಾತು ಕೇಳಿದ ಬಾಷುಮಿಯಾ ಗ್ಲಾಸನ್ನು ಕಟ್ಟೆಯ ಮೇಲೆ ಇಟ್ಟು, "ಹೌದ್ರಿ ಸಾಹೇಬ್ರ" ಎಂದಷ್ಟೇ ಹೇಳಿ ರಜಿಸ್ಟರು ಬಗಲಲ್ಲಿ ಇಟ್ಟುಕೊಂಡು ಹೋದರು. ಒಂಬತ್ತು ವರ್ಷ ನನ್ನನ್ನು ಅಣ್ಣ ಎಂದು ಕರೆದವರು ಅವರು. ಮುಂದಿನ ಎರಡು ರವಿವಾರ ಬರಲಿಲ್ಲ. ಹಂಪಮ್ಮ ಅಭ್ಯಾಸಬಲದಿಂದ ಎರಡು ಕಪ್ಪು ಚಹಾ ಮಾಡಿದಳು. ಎರಡನ್ನೂ ನಾನೇ ಕುಡಿದೆ. ಕ್ಯಾಸೆಟ್ಟು ಹಾಕಿದರೆ ನನ್ನ ಬೋಳುತಲೆಯವರು ಕೂಡ ಯಾಕೋ ಯಾರಿಗೂ ಬಾರಿಸುತ್ತಿಲ್ಲ ಅನ್ನಿಸಿತು.

9. ನಡುವೆ, ಸೋಮವಾರ ಉಲ್ಲೇಖ 1ರ ಅರ್ಜಿ ಬಂತು. ಗುರುಮಠಕಲ್ ಕಡೆಗೆ ವರ್ಗ ಕೇಳಿದ್ದಾರೆ. ಆ ಕಡೆ ನಮ್ಮ ಕಾಲುವೆಯೇ ಇಲ್ಲ. ಇಲ್ಲದ ಕಾಲುವೆಯಲ್ಲಿ ಯಾವ ಗೀಟು ಓದುತ್ತಾರೆ ಎಂದು ನಾನು ಕಡತದಲ್ಲಿ ಆಕ್ಷೇಪಣೆ ಬರೆಯಬೇಕಿತ್ತು. ಬರೆಯಲಾಗಲಿಲ್ಲ. ಯಾಕೆಂದರೆ ಕಾರಣದ ಕಾಲಂನಲ್ಲಿ ಅವರು "ನನ್ನ ಕಿವಿ ಸರಿ ಇಲ್ಲವೆಂದು ಓದಿದವರು ಹೇಳಿರುವುದರಿಂದ" ಎಂದು ಬರೆದಿದ್ದಾರೆ. ಏಳು ದಿನದೊಳಗೆ ತಮ್ಮ ಮುಂದೆ ಇಡಬೇಕಾದ ಈ ಅರ್ಜಿಯನ್ನು ಹತ್ತು ದಿನದಿಂದ ಬೇರೆ ಕಡತಗಳ ಅಡಿಯಲ್ಲಿ ಇಟ್ಟುಕೊಂಡಿದ್ದೇನೆ. ಇದು ಕರ್ತವ್ಯಲೋಪ. ಕಾರಣ ಕೇಳುವ ನೋಟೀಸನ್ನು ತಾವು ನನಗೆ ಕೊಡಬಹುದು, ಟೈಪ್ ಮಾಡಿ ಇಟ್ಟಿದ್ದೇನೆ, ಸಹಿ ಒಂದು ಬಾಕಿ.

10. ನಿನ್ನೆ ಮಂಗಳೂರಿನ ಪತ್ರ ತಲುಪಿತು. ಅದರ ಸಂಬಂಧಪಟ್ಟ ಭಾಗ ಹೀಗಿದೆ:

"ಪ್ರಿಯ ನೀಲಕಂಠ, ನಿಮ್ಮ ಕಾಗದ ಓದಿ ನನಗೂ ಮನೆಯವಳಿಗೂ ನಕ್ಕು ನಕ್ಕು ಸಾಕಾಯಿತು ಮಾರಾಯ್ರೆ. ಇಬ್ಬರು ಎಲ್ಲಿಂದ ಬಂದರು? ನನ್ನ ಹತ್ತಿರ ಇದ್ದದ್ದು ಒಂದೇ ತಟ್ಟೆ. ಗಡ್ಡದವರು ಆ ಸಂಗೀತ ಬರೆದವರು, ತೀರಿಹೋಗಿ ಎಷ್ಟೋ ಕಾಲವಾಯಿತು. ಬಾರಿಸಿದ್ದು ಬೋಳುತಲೆಯವರು ಒಬ್ಬರೇ. ನಿಮ್ಮ ಕ್ಯಾಸೆಟ್ಟು ಮಾಡಿದ್ದು ಕ್ಯಾಂಪಿನ ಜನರೇಟರಿನ ಮೇಲೆ. ಬಾಷುವಿನದನ್ನು ಕರೆಂಟಿನ ಮೇಲೆ ಮಾಡಿದೆ. ನಿಮ್ಮಲ್ಲಿ ಮಧ್ಯಾಹ್ನ ಕಾಲುವೆಗೆ ಪಂಪು ಇಟ್ಟವರೆಲ್ಲ ಒಟ್ಟಿಗೆ ಗುಂಡಿ ಒತ್ತುತ್ತಿದ್ದರಲ್ಲ, ವೋಲ್ಟೇಜು ಇಳಿದು ತಟ್ಟೆ ನಿಧಾನ ತಿರುಗಿತು. ರೆಕಾರ್ಡರು ಬ್ಯಾಟರಿಯದ್ದು, ಆ ನಿಧಾನವನ್ನೇ ಹಿಡಿದುಕೊಂಡಿತು. ಇದನ್ನು ಕಂಡುಹಿಡಿದದ್ದೇ ಬಾಷು. ಸ್ಟಾಪ್‌ವಾಚ್ ಹಿಡಿದು ತುಂಡು ತುಂಡಾಗಿ ಅಳೆದು, ಎಲ್ಲ ತುಂಡೂ ಒಂದೇ ಪ್ರಮಾಣದಲ್ಲಿ ನಿಧಾನ ಇದೆ, ಮನುಷ್ಯನ ಕೈ ಹೀಗೆ ನಡೆಯುವುದಿಲ್ಲ ಎಂದು ನಾನು ಹೊರಡುವ ದಿನ ಬಂದು ಹೇಳಿದ. ಹೌದು ಎಂದೆ. ಅವನು ನಿಮಗೆ ಹೇಳಲೇ ಇಲ್ಲವಾ?"

11. ಹೇಳಲಿಲ್ಲ. ಒಂಬತ್ತು ವರ್ಷ ಹೇಳಲಿಲ್ಲ. ನಾನು ಚೀಟಿ ಬರೆದು, ಟಿಪ್ಪಣಿ ಮಾಡಿ, ಗಂಡಸಿನ ಕೆಮ್ಮು ಹೆಂಗಸಿನ ಕೆಮ್ಮು ಬೇರ್ಪಡಿಸುತ್ತಿದ್ದಾಗ ಇಲ್ಲದ ಗಡ್ಡದವರ ಪಕ್ಷ ಹಿಡಿದು, ಪ್ರತಿ ರವಿವಾರ ಆರು ಮೈಲಿ ಸೈಕಲ್ ತುಳಿದು ಬಂದು, ಹೊಸ ಹೊಸ ವಾದ ಹುಡುಕಿ ನನ್ನೊಡನೆ ಜಗಳಾಡಿದರು. ಅವರಿಗೆ ಬೇಕಾಗಿದ್ದದ್ದು ಪಿಯಾನೊ ಒಂದೇ ಆಗಿದ್ದರೆ ಮನೆಯಲ್ಲೇ ಕುಳಿತು ಕೇಳಬಹುದಿತ್ತು.

12. ಕಲಂ 7ರಲ್ಲಿ ಕೈಬಿಟ್ಟ ಮಾತನ್ನು ಈಗ ನಮೂದಿಸುವುದು ಅನಿವಾರ್ಯವಾಗಿದೆ. ನಾನು ಅಂದದ್ದು: "ಗೀಟು ಓದಾಂವ ನೀನು, ನಿನ್ನ ಕಿವಿಗೇನ ತಿಳೀತದೋ ಸಂಗೀತ? ನನ್ನ ಪಡಸಾಲ್ಯಾಗ ಬಂದು ಕುಂತ್ರ ನನ್ನ ಸರಿಸಮ ಆದಂಗಲ್ಲ." ಒಂಬತ್ತು ಮಂದಿ ಕೇಳಿದರು. ದೇವಕಮ್ಮ ಚಹಾ ಸೋಸುವುದು ನಿಲ್ಲಿಸಿದಳು. ಬಾಷುಮಿಯಾ ಅಲ್ಲಿಯೇ, ಅದೇ ಕ್ಷಣ, "ಎರಡೂ ಒಂದಾ ಅವ" ಎಂದಿದ್ದರೆ ಈ ಕ್ಯಾಂಪಿನಲ್ಲಿ ನಾನು ತಲೆ ಎತ್ತಿ ತಿರುಗುವಂತಿರಲಿಲ್ಲ. ಅಷ್ಟು ಮರ್ಯಾದೆ ಕಳೆದುಕೊಂಡವರು ಆಗಲೂ ನನ್ನ ಮರ್ಯಾದೆ ಉಳಿಸಿ ಹೋದರು. ಸಾಹೇಬರೇ, ನನಗೆ ನಾಚಿಕೆಯಾಗಿದೆ. ಇದಕ್ಕೆ ಕಚೇರಿ ಭಾಷೆಯಲ್ಲಿ ಬೇರೆ ಪದ ಇದ್ದರೆ ನನಗೆ ತಿಳಿದಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಪರಿಶೀಲಿಸಿ:

(ಅ) ಉಲ್ಲೇಖ 1ರ ವರ್ಗಾವಣೆ ಅರ್ಜಿಯನ್ನು, ಅರ್ಜಿದಾರರ ಕಿವಿ ಈ ಉಪವಿಭಾಗದಲ್ಲಿಯೇ ಅತ್ಯುತ್ತಮವಾಗಿದೆ ಎಂಬ ಕಾರಣ ನಮೂದಿಸಿ ತಿರಸ್ಕರಿಸಬೇಕು.

(ಆ) ಒಂದು ವೇಳೆ ಮಂಜೂರು ಮಾಡುವುದೇ ಆದರೆ, ಆ ಆದೇಶವನ್ನು ನನ್ನಿಂದ ಟೈಪ್ ಮಾಡಿಸಬಾರದು.

(ಇ) ಸದರಿಯವರು ಉಳಿದುಕೊಂಡಲ್ಲಿ, ಗಡ್ಡದವರ ಪಕ್ಷವನ್ನು ಯಾವುದೇ ಕಾರಣಕ್ಕೂ ಬಿಡಬಾರದೆಂದು ಅವರಿಗೆ ಸೂಚಿಸಬೇಕು. ನಾನೂ ಬೋಳುತಲೆಯವರನ್ನು ಬಿಡುವುದಿಲ್ಲ. ಇಬ್ಬರೂ ಒಬ್ಬರೇ ಎಂಬುದು ಬೇರೆ ಸಂಗತಿ.

ತಮ್ಮ ವಿಶ್ವಾಸಿಯೂ, ಸದರಿ ಗೇಜ್ ರೀಡರರ ಮುಂದೆ ತಪ್ಪಿತಸ್ಥನೂ ಆದ,
(ಸಹಿ)
ನೀಲಕಂಠ

ಅಡಕಗಳು:
1. ಮಂಗಳೂರಿನ ಪತ್ರ, ಮೂಲ ಪ್ರತಿ. ನಕಲು ಮಾಡಲು ಮನಸ್ಸಾಗಲಿಲ್ಲ.
2. ನನ್ನ ಕ್ಯಾಸೆಟ್ಟು. (ಗಡ್ಡದವರ ಕ್ಯಾಸೆಟ್ಟು ಬಾಷುಮಿಯಾ ಅವರ ಹಿಟ್ಟಿನ ಡಬ್ಬದಲ್ಲಿದ್ದು, ಅದನ್ನು ಕೇಳುವ ಮುಖ ಸದ್ಯ ನನಗಿಲ್ಲ.)
3. ಕೆಮ್ಮುಗಳ ಬಗೆಗಿನ ಟಿಪ್ಪಣಿ. ಓದಿದ ಕೂಡಲೇ ಹರಿದುಹಾಕಬೇಕಾಗಿ ವಿನಂತಿ.
4. ನನಗೆ ಕೊಡಬೇಕಾದ ನೋಟೀಸು, ಎರಡು ಪ್ರತಿ.

ವಿಶೇಷ ಸೂಚನೆ: ನಾಳೆ ಶುಕ್ರವಾರ. ಗೇಜ್ ರೀಡರುಗಳೆಲ್ಲ ರಜಿಸ್ಟರು ತಂದು ಹನ್ನೊಂದಕ್ಕೆ ಕ್ಯಾಂಟೀನಿನಲ್ಲಿ ಕೂಡುತ್ತಾರೆ. ಆ ಒಂಬತ್ತು ಮಂದಿಯೂ ಇರುತ್ತಾರೆ, ಬಾಷುಮಿಯಾ ಕೂಡ ಬರಲೇಬೇಕು. ಮಾತು ಆಡಿದ್ದು ಅವರೆಲ್ಲರ ಮುಂದೆ. ಕಾರಣ, ಅದನ್ನು ಹಿಂತೆಗೆದುಕೊಳ್ಳುವುದೂ ಅವರೆಲ್ಲರ ಮುಂದೆಯೇ ಆಗಬೇಕಾಗಿರುವುದರಿಂದ, ನನಗೆ ಹನ್ನೊಂದರಿಂದ ಹನ್ನೊಂದೂವರೆಯವರೆಗೆ ಅರ್ಧ ತಾಸು ರಜೆ ಮಂಜೂರು ಮಾಡಬೇಕು. ಕ್ಯಾಂಟೀನು ಇಲ್ಲಿಂದ ಅರವತ್ತು ಹೆಜ್ಜೆ. ಇಂದು ಬೆಳಗ್ಗೆ ಅದರ ಕಡೆಗೆ ಎರಡು ಸಲ ಅಭ್ಯಾಸಕ್ಕೆಂದು ಹೊರಟು, ಎರಡು ಸಲವೂ ನಲವತ್ತನೆಯ ಹೆಜ್ಜೆಗೆ ತಿರುಗಿ ಬಂದಿರುತ್ತೇನೆ. ಆದ್ದರಿಂದ ತಾವು ನಾಳೆ ಅದೇ ವೇಳೆಗೆ ಚಹಾಕ್ಕೆಂದು ಎದ್ದು, ಏನೂ ಗೊತ್ತಿಲ್ಲದವರಂತೆ, ನನ್ನ ಬೆನ್ನ ಹಿಂದೆಯೇ ನಡೆದು ಬರಬೇಕು. ತಾವು ದಾರಿಗೆ ಅಡ್ಡ ಇದ್ದರೆ ನಾನು ಹಿಂದಿರುಗುವುದಿಲ್ಲ.