ಮಡಿಚುವ ಫೋನೂ ತೇಗದ ಬಾಗಿಲೂ

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಹದಿನಾರು ವರ್ಷದಿಂದ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದೇನೆ. ನಗುವಂಥದ್ದು ಒಂದಾದರೂ ನಡೆಯದೆ ಬಾಗಿಲು ಹಾಕಿದ ದಿನ ನೆನಪಿಲ್ಲ. ಹಸು ನೆಕ್ಕಿದ ಫೋನು, ಸಾರಿನಲ್ಲಿ ಕುದಿದ ಫೋನು, ಅಕ್ಕಿಡಬ್ಬದಲ್ಲಿ ಒಣಗಿಸಿ ಅಕ್ಕಿಯ ಸಮೇತ ತಂದ ಫೋನು, ಎಲ್ಲ ನೋಡಿದ್ದಾಯಿತು. ಆದರೆ ಅವೆಲ್ಲ ಜನ ಕೆಡಿಸಿದ ಫೋನುಗಳು. ಕಂಪನಿಯವರೇ ಮೊದಲೇ ಕೆಡಿಸಿ, ಚೆಂದದ ಡಬ್ಬದಲ್ಲಿಟ್ಟು ಕಳಿಸಿದ ಫೋನು ನೋಡಿದ್ದು ಒಂದೇ ಒಂದು. ಅದನ್ನು ಮಾರಿದ ಪುಣ್ಯಾತ್ಮ ನಾನೇ.

ಮಾರಿದ್ದು ಬೇರೆ ಯಾರಿಗಾದರೂ ಆಗಿದ್ದರೆ ಚಿಂತೆ ಇರಲಿಲ್ಲ. ನಾನು ಬಾಡಿಗೆಗಿರುವ ಮಳಿಗೆಯ ಯಜಮಾನರಿಗೇ ಮಾರಿದೆ. ಅವರದು ಪಕ್ಕದಲ್ಲೇ ಕೊಬ್ಬರಿ ಮಂಡಿ. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಕರಾರು ಹೊಸದು ಮಾಡಿಕೊಡುತ್ತಾರೆ. ಅಂಗಡಿಗೆ ಅವರ ತಂದೆ ಹಾಕಿಸಿದ ನಾಲ್ಕು ಹಲಗೆಯ ತೇಗದ ಬಾಗಿಲಿದೆ. ಮಡಿಚಿ ಮಡಿಚಿ ಗೋಡೆಗೆ ಸರಿಸಬೇಕು. ಷಟರ್ ಹಾಕಿಸಿಕೊಡಿ ಎಂದು ಪ್ರತಿ ಕರಾರಿನಲ್ಲೂ ಕೇಳುತ್ತೇನೆ. "ಕೀಲುಗಳಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡಯ್ಯ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಐತೆ" ಎಂದು ಪ್ರತಿ ಕರಾರಿನಲ್ಲೂ ಹೇಳುತ್ತಾರೆ.

ಅಜ್ಜಿಯ ಮಡಿ

ಆ ಮಡಿಚುವ ಫೋನನ್ನು ಪರಿಚಯಿಸಲು ಕಂಪನಿಯವರು ಸುತ್ತಲಿನ ಅಂಗಡಿಯವರನ್ನೆಲ್ಲ ಹಾಸನದ ಒಂದು ಹೋಟೆಲಿಗೆ ಕರೆಸಿದ್ದರು. ಕೋಟು ತೊಟ್ಟ ಪ್ರತಿನಿಧಿ ವೇದಿಕೆ ಮೇಲೆ ಫೋನು ಬಿಡಿಸಿ, ಮಡಿಚಿ, ಮತ್ತೆ ಬಿಡಿಸಿ ತೋರಿಸಿದ. "ನಮ್ಮ ಮೆಷಿನ್ನು ಇದನ್ನ ಲಕ್ಷಾಂತರ ಸಲ ಮಡಿಚಿ ನೋಡಿದೆ. ಏನೂ ಆಗಿಲ್ಲ" ಅಂದ.

ನನ್ನ ಪಕ್ಕ ಕೂತಿದ್ದ ಬೇಲೂರಿನ ಅಂಗಡಿಯವರು ಎದ್ದು ನಿಂತರು. "ಆ ಮೆಷಿನ್ನೂ ಫೋನ್ ಜೊತೆಗೇ ಕೊಡ್ತೀರಾ ಸರ್? ನಮ್ಮ ಗಿರಾಕಿಗಳು ಕೈಯಲ್ಲಿ ಮಡಿಚ್ತಾರೆ."

ಪ್ರತಿನಿಧಿ ಅದನ್ನು ಕೇಳಿಸಿಕೊಳ್ಳದೆ ಎಚ್ಚರಿಕೆಗಳ ಪಟ್ಟಿ ಓದಿದ. ಧೂಳು ಸೋಕಬಾರದು. ನೀರು ತಾಗಬಾರದು. ಉಗುರು ಮುಟ್ಟಬಾರದು. ಬಿಸಿಲಲ್ಲಿ ಇಡಬಾರದು. ಚಳಿಯಲ್ಲಿ ಒಮ್ಮೆಲೇ ಬಿಡಿಸಬಾರದು. ಬೀಗದ ಕೈ ಇರುವ ಜೇಬಿಗೆ ಹಾಕಬಾರದು. ಇನ್ನಷ್ಟು ದಿನ ತಡೆದು ಇದನ್ನೆಲ್ಲ ಸರಿ ಮಾಡಿಯೇ ತರಬಹುದಿತ್ತಲ್ಲ ಎಂದು ನಾನು ಕೇಳಿದೆ. "ತಡ ಮಾಡಿದ್ರೆ ಬೇರೆ ಕಂಪನಿಯವರು ಮೊದಲು ತಂದುಬಿಡ್ತಾರೆ ಸರ್" ಅಂದ. ಅಂದರೆ ಅರೆಬೆಂದ ಅನ್ನವನ್ನು ಯಾರು ಮೊದಲು ಬಡಿಸುತ್ತಾರೆ ಅನ್ನುವುದೇ ಪಂದ್ಯ.

ಬೇಲೂರಿನವರು ಟೀ ಲೋಟ ಕೆಳಗಿಟ್ಟು ಸಮಾಧಾನವಾಗಿ ಹೇಳಿದರು. "ಮಡಿ ಉಟ್ಟಿದ್ದ ನಮ್ಮಜ್ಜಿ ಇದಕ್ಕಿಂತ ವಾಸಿ ಸರ್. ಸ್ನಾನ ಮಾಡ್ಕೊಂಡು ಬಂದ್ರೆ ಹತ್ರಾನಾದ್ರೂ ಸೇರಿಸ್ತಿದ್ರು."

ಮೂರು ಗೆರೆ

ತಾಲ್ಲೂಕಿನಲ್ಲಿ ಮೊದಲ ಫೋನು ಮಾರಿದವರಿಗೆ ಕಂಪನಿ ಒಂದು ಟೀ ಶರ್ಟು ಇಟ್ಟಿತ್ತು. ಆ ಟೀ ಶರ್ಟಿನ ಆಸೆಗೆ ನಾನು ಯಜಮಾನರ ಮುಂದೆ ಫೋನು ಬಿಡಿಸಿದೆ. ಅವರು ಕೈಯಲ್ಲಿ ಹಿಡಿದು ತೂಗಿ, "ಇದು ಕೆಟ್ರೆ ನೀನು ಅಂಗಡಿ ಖಾಲಿ ಮಾಡ್ಬೇಕು, ಆಯ್ತೇನಯ್ಯ?" ಎಂದು ನಕ್ಕರು. ನಾನೂ ನಕ್ಕೆ. ಯಜಮಾನರು ನಗುತ್ತಾ ಆಡಿದ ಮಾತನ್ನೂ ನಡೆಸುವವರು ಎಂಬುದು ಮನೆಗೆ ಹೋಗಿ ಊಟಕ್ಕೆ ಕೂತಾಗ ನೆನಪಾಯಿತು. ನನಗಿಂತ ಮುಂಚೆ ಆ ಮಳಿಗೆಯಲ್ಲಿದ್ದ ಟೈಲರು ಹೊಲಿದ ಜುಬ್ಬ ಬಿಗಿಯಾಯಿತು ಎಂದು ಯಜಮಾನರು ನಗುತ್ತಲೇ ಅವನನ್ನು ಖಾಲಿ ಮಾಡಿಸಿದ್ದರು.

ಮಂಡಿಗೆ ಯಾವ ಹೊಸ ವಸ್ತು ಬಂದರೂ ಪೂಜೆ ಆಗಲೇಬೇಕು. ತಕ್ಕಡಿಯಾದರೂ ಸರಿ, ಫ್ಯಾನಾದರೂ ಸರಿ. ಯಜಮಾನರು ಫೋನನ್ನು ಪೂರ್ತಿ ಬಿಡಿಸಿ ಮಣೆ ಮೇಲಿಟ್ಟು, ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ನಡುವಿನ ಗೆರೆ ಸರಿಯಾಗಿ ಪರದೆಯ ಮಡಿಕೆಯಲ್ಲಿ ಕೂತಿತು. "ನೋಡು, ಕಂಪನಿಯೋರೇ ಜಾಗ ಬಿಟ್ಟವ್ರೆ" ಎಂದು ಸಂತೋಷಪಟ್ಟರು.

ವಾರದಲ್ಲಿ ಫೋನು ಬಿಡಿಸಿದರೆ ಚಕ್ಕುಲಿ ಅಗಿದಂಥ ಸದ್ದು ಬರತೊಡಗಿತು. ಇಬ್ಬರೂ ಹಾಸನದ ಸರ್ವಿಸ್ ಸೆಂಟರಿಗೆ ಹೋದೆವು. ಅಲ್ಲಿನ ಹೆಣ್ಣುಮಗಳು ಕೀಲಿನೊಳಗೆ ಬೆಳಕು ಬಿಟ್ಟು ನೋಡಿ, "ಒಳಗೆ ಬೂದಿ ಇದೆ. ಬೆಂಕಿಯಿಂದ ಹಾಳಾಗಿದ್ದಕ್ಕೆ ವಾರಂಟಿ ಇಲ್ಲ" ಅಂದಳು.

"ಬೆಂಕಿ ಎಲ್ಲಮ್ಮ ಬಂತು? ಅದು ವಿಭೂತಿ ಕಣಮ್ಮ" ಎಂದರು ಯಜಮಾನರು.

ಆಕೆ ಕಂಪ್ಯೂಟರಿನಲ್ಲಿ ಹುಡುಕಿದಳು. ನೀರು, ಬೆಂಕಿ, ಬಿದ್ದದ್ದು, ಮೂರೇ ಕಾರಣಗಳಿದ್ದವು. "ಸರ್, ಇದರಲ್ಲಿ ದೇವರು ಇಲ್ಲ" ಅಂದಳು.

ಪ್ಲಾಸ್ಟಿಕ್ ಬಿಡದ ಮನೆ

ಅಂತೂ ಕಾಡಿ ಬೇಡಿ ಕೀಲು ಶುಚಿ ಮಾಡಿಸಿಕೊಂಡು ಬಂದೆವು. ಅಂಗಡಿ ಉಳಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಯಜಮಾನರ ಮನೆಯಮ್ಮ ಫೋನು ಹಿಡಿದು ಅಂಗಡಿಗೆ ಬಂದರು.

ಆ ಮನೆಯ ವಿಷಯ ಸ್ವಲ್ಪ ಹೇಳಬೇಕು. ಸೋಫಾ ತಂದು ಒಂಬತ್ತು ವರ್ಷವಾದರೂ ಪ್ಲಾಸ್ಟಿಕ್ ತೆಗೆದಿಲ್ಲ. ಬೇಸಿಗೆಯಲ್ಲಿ ಕೂತು ಎದ್ದರೆ ಪಂಚೆ ಸೋಫಾದಲ್ಲೇ ಉಳಿಯುತ್ತದೆ. ರಿಮೋಟಿಗೆ ಕವರು, ಫ್ರಿಜ್ಜಿನ ಹಿಡಿಗೆ ಕವರು, ಕಾರಿನ ಸೀಟಿಗೆ ಷೋರೂಮಿನಿಂದ ಬಂದ ಹಾಳೆಯೇ ಇನ್ನೂ ಇದೆ.

ಫೋನಿನ ಪರದೆ ಮೇಲೂ ಒಂದು ತೆಳು ಹಾಳೆ ಇತ್ತು. ಅದನ್ನು ಮಾತ್ರ ತೆಗೆಯಬಾರದು. ತೆಗೆದರೆ ಪರದೆಯ ಪ್ರಾಣವೂ ಅದರ ಜೊತೆಗೇ ಎದ್ದು ಬರುತ್ತದೆ. ಈ ಮುಖ್ಯ ವಿಷಯವನ್ನು ಕಂಪನಿಯವರು ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿದ್ದರು.

"ಬೇಲೂರಿಗೆ ಬೀಗರ ಮನೆಗೆ ಹೊರಟಿದ್ವಿ ಕಣಪ್ಪ. ಅಂಚು ಎದ್ದಿತ್ತು, ಅಸಹ್ಯವಾಗಿ ಕಾಣ್ತಿತ್ತು, ಕಿತ್ತೆ" ಎಂದರು ಅಮ್ಮ. ಫೋನಿನ ಬಲಭಾಗ ಇದ್ದಿಲಿನಂತೆ ಕಪ್ಪಾಗಿತ್ತು. ನನಗೆ ಅಳುವೇ ಬಂತು. ಮೂವತ್ತು ವರ್ಷದ ಸಂಸಾರದಲ್ಲಿ ಆ ತಾಯಿ ಕೈಯಾರೆ ಕಿತ್ತ ಪ್ಲಾಸ್ಟಿಕ್ಕು ಅದೊಂದೇ.

ಅರ್ಧ ಫೋನಿನ ಪ್ರವಾಸ

ಅದೇ ಫೋನು ಹಿಡಿದು ಯಜಮಾನರು ಬೇಲೂರಿಗೆ ಹೋದರು. ಬೀಗರ ಮುಂದೆ ಹೊಸ ಫೋನು ತೋರಿಸದೆ ಬರುವುದುಂಟೇ? ಬಿಡಿಸಿದರು. ಬೀಗರು ಕನ್ನಡಕ ಏರಿಸಿ, "ಇದೇನ್ರೀ, ಅರ್ಧ ಆಫ್ ಆಗೈತೆ?" ಎಂದು ಕೇಳಿದರು.

"ಕರೆಂಟ್ ಉಳೀಲಿ ಅಂತ" ಎಂದರು ಯಜಮಾನರು.

ಮಾರನೆಯ ದಿನ ಬೀಗರನ್ನು ಕರೆದುಕೊಂಡು ಹಳೇಬೀಡಿಗೆ ಹೋದರು. ತೆಗೆದ ಯಾವ ಪಟವನ್ನು ಆ ಪರದೆ ಮೇಲೆ ನೋಡಿದರೂ ಅರ್ಧ ಕಪ್ಪು. ದೇವಸ್ಥಾನ ತೋರಿಸುತ್ತಿದ್ದ ಗೈಡು, ತಲೆಮಾರುಗಟ್ಟಲೆ ಕೆತ್ತಿದರೂ ಈ ಗುಡಿ ಪೂರ್ತಿಯಾಗಲೇ ಇಲ್ಲ ಎಂದು ವಿವರಿಸಿದನಂತೆ. ಯಜಮಾನರು ಗುಡಿಯನ್ನೂ ಫೋನನ್ನೂ ಒಂದೊಂದು ಸಲ ನೋಡಿ ಹೇಳಿದರಂತೆ. "ಅವ್ರು ಮುಗಿದಿಲ್ಲ ಅಂತ ಬಿಟ್ಟೋದ್ರು, ಇವತ್ತಿಗೂ ನಿಂತೈತೆ. ಇವ್ರು ಮುಗೀತು ಅಂತ ಕೊಟ್ರು, ಬೇಲೂರು ಗಂಟ ಬರ್ಲಿಲ್ಲ."

ಅಪ್‌ಡೇಟು

ನಾನು ಕಂಪನಿಗೆ ಫೋನು ಮಾಡಿದೆ. ಪರದೆ ಅರ್ಧ ಸತ್ತಿದೆ, ಕೀಲು ಮತ್ತೆ ಸದ್ದು ಮಾಡುತ್ತಿದೆ ಅಂದೆ. "ಅಪ್‌ಡೇಟ್ ಬರುತ್ತೆ ಸರ್" ಅಂದರು. ಕಬ್ಬಿಣದ ಕೀಲಿಗೆ ಗಾಳಿಯಲ್ಲಿ ಏನು ಬರುತ್ತದೋ ನನಗೆ ತಿಳಿಯಲಿಲ್ಲ. ಆದರೂ ಊರ ಪಕ್ಕದ ಮಾಲೇಕಲ್ಲು ತಿರುಪತಿ ದೇವರಿಗೆ ಹರಕೆ ಹೊತ್ತು ಕಾದೆ, ಅಂಗಡಿ ಹೋಗುವ ಪ್ರಶ್ನೆ ನೋಡಿ.

ಎರಡು ತಿಂಗಳಿಗೆ ಅಪ್‌ಡೇಟು ಬಂತು. ಅವತ್ತಿನಿಂದ ಯಜಮಾನರು ಪ್ರತಿ ಸಲ ಫೋನು ಬಿಡಿಸಿದಾಗಲೂ ಬದುಕಿದ್ದ ಅರ್ಧ ಪರದೆ ಮೇಲೆ ಒಂದು ಸಾಲು ಮೂಡುತ್ತಿತ್ತು: ದಯವಿಟ್ಟು ಪದೇಪದೇ ಬಿಡಿಸಬೇಡಿ.

ಹೊಸ ಷರತ್ತು

ಹನ್ನೊಂದು ತಿಂಗಳಾಯಿತು. ಕರಾರು ಮುಗಿಯುವ ದಿನ ಬೆಳಿಗ್ಗೆಯೇ ಆ ಪ್ರತಿನಿಧಿ ಬಂದ. ಅದೇ ಕೋಟು, ಹೊಸ ಡಬ್ಬ. "ಹಳೇದರಲ್ಲಿದ್ದ ಸಣ್ಣಪುಟ್ಟ ತೊಂದರೆಯೆಲ್ಲ ಈ ಹೊಸ ಮಾಡೆಲ್ಲಲ್ಲಿ ಸರಿಹೋಗಿದೆ ಸರ್" ಅಂದ.

"ಹಳೇದು ಮಾರುವಾಗ ತೊಂದರೆಯೇ ಇಲ್ಲ ಅಂದಿದ್ರಲ್ಲ?"

"ಆಗ ಗೊತ್ತಿರಲಿಲ್ಲ ಸರ್. ಗಿರಾಕಿಗಳು ಬಳಸಿದ ಮೇಲೆ ತಾನೆ ನಮಗೆ ಗೊತ್ತಾಗೋದು?"

ಅಂದರೆ ನಮ್ಮ ಯಜಮಾನರು ಇಷ್ಟು ದಿನ ದುಡ್ಡು ಕೊಟ್ಟು ಕಂಪನಿಯಲ್ಲಿ ಕೆಲಸ ಮಾಡಿದ್ದರು.

ಅಷ್ಟರಲ್ಲಿ ಅವರೇ ಬಂದರು. ಒಂದು ಕೈಯಲ್ಲಿ ಛಾಪಾ ಕಾಗದ, ಇನ್ನೊಂದರಲ್ಲಿ ಟವಲಿನಲ್ಲಿ ಸುತ್ತಿದ ಫೋನು. ಹೊಸ ಬಾಡಿಗೆದಾರರ ಕಾಗದವೇ ಇರಬೇಕು ಅಂದುಕೊಂಡೆ. ಅಂಗಡಿ ತುಂಬ ಹಬ್ಬದ ದಿನದ ಎಣ್ಣೆಸ್ನಾನದ ವಾಸನೆ ಹರಡಿತು. ಟವಲು ಬಿಚ್ಚಿದರೆ ಫೋನಿನಿಂದ ತೊಟ್ಟಿಕ್ಕುತ್ತಿತ್ತು, ಅವರದೇ ಮಂಡಿಯ ಕೊಬ್ಬರಿ ಎಣ್ಣೆ.

ಪ್ರತಿನಿಧಿ ಹೆದರುತ್ತಲೇ ಫೋನನ್ನು ಬಿಡಿಸಿದ. ಮಡಿಚಿದ. ಮತ್ತೆ ಬಿಡಿಸಿದ. ಸದ್ದೇ ಇಲ್ಲ. "ಕೀಲು ಎಷ್ಟು ಚೆನ್ನಾಗಿ ಆಡ್ತಿದೆ" ಎಂದು ಅವನ ಬಾಯಿಂದಲೇ ಬಂತು. ಆಮೇಲೆ ಪರದೆ ನೋಡಿದ. ಉಳಿದಿದ್ದ ಅರ್ಧವೂ ಕಪ್ಪಾಗಿತ್ತು. "ಸರ್, ಫೋನೇ ಹೋಗಿದೆಯಲ್ಲ?"

"ಕೀಲು ನನ್ನ ಕೈಲಾಗೋ ಕೆಲ್ಸ, ಸರಿ ಮಾಡಿದೀನಿ. ಪರದೆ ನಿಮ್ಮ ಕೆಲ್ಸ, ನೀವು ಮಾಡಿ" ಎಂದರು ಯಜಮಾನರು. ಆಮೇಲೆ ಅವನ ಕೈ ಹಿಡಿದು ನನ್ನ ಅಂಗಡಿ ಬಾಗಿಲ ಹತ್ತಿರ ಕರೆದೊಯ್ದರು. "ಇದನ್ನ ಒಂದ್ಸಲ ಹಾಕಿ ತೆಗೀರಿ."

ಕೋಟಿನ ಪ್ರತಿನಿಧಿ ನಾಲ್ಕು ಹಲಗೆಯನ್ನೂ ಎಳೆದು ಹಾಕಿದ. ಮಡಿಚಿ ತೆಗೆದ. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಅಂಗಡಿ ತೆರೆದಿದೆಯೋ ಮುಚ್ಚಿದೆಯೋ ತಿಳಿಯದೆ ನಿಂತರು.

"ನಮ್ಮಪ್ಪ ಹಾಕಿಸಿದ್ದು" ಎಂದರು ಯಜಮಾನರು. "ಮಾಡಿದ ಆಚಾರಿ ಬಾಗ್ಲು ನಿಲ್ಸಿ, ಒಂದು ತಿಂಗ್ಳು ದಿನಾ ಬಂದು ತಾನೇ ಹಾಕಿ ತೆಗ್ದು ನೋಡಿದ್ನಂತೆ. ಆಮೇಲೇನೇ ಕೂಲಿ ಇಸ್ಕೊಂಡಿದ್ದು. ನೀವು ಮೊದ್ಲು ಕೂಲಿ ಇಸ್ಕೊಂಡು, ಹಾಕಿ ತೆಗೆಯೋ ಕೆಲ್ಸ ನನಗೆ ಕೊಟ್ರಿ."

ಯಜಮಾನರು ನನ್ನ ಕಡೆ ತಿರುಗಿ ನಕ್ಕರು. ನನಗೆ ಟೈಲರಿನ ಜುಬ್ಬ ನೆನಪಾಯಿತು. ಛಾಪಾ ಕಾಗದ ಮುಂದೆ ಚಾಚಿ, "ಜೋರಾಗಿ ಓದು" ಅಂದರು.

ಓದಿದೆ. ಹೆಸರು ನನ್ನದೇ. ಬಾಡಿಗೆ ಮೊದಲಿನದೇ. ಕೊನೆಯಲ್ಲಿ ಅವರ ಸ್ವಂತ ಅಕ್ಷರದಲ್ಲಿ ಒಂದು ಸಾಲು ಸೇರಿತ್ತು: "ಬಾಡಿಗೆದಾರನು ಸದರಿ ಮಳಿಗೆಯಲ್ಲಿ ಬಾಗಿಲೊಂದನ್ನು ಬಿಟ್ಟು, ಮಡಿಚುವಂಥ ಮತ್ತಾವ ವಸ್ತುವನ್ನೂ ಇಡತಕ್ಕದ್ದಲ್ಲ."

ಷಟರಿನ ಆಸೆ ಅಲ್ಲಿಗೆ ಬಿಟ್ಟು, ಕಾಗದ ಕಣ್ಣಿಗೊತ್ತಿಕೊಂಡು ಸಹಿ ಹಾಕಿದೆ. ಯಜಮಾನರೂ ಹಾಕಿದರು. ಕೆಳಗೆ ಸಾಕ್ಷಿಯ ಜಾಗ ಖಾಲಿ ಇತ್ತು. ಅವರು ಪೆನ್ನನ್ನು ಪ್ರತಿನಿಧಿಯ ಕೈಗೆ ಕೊಟ್ಟು ಹೇಳಿದರು. "ನೀವೇ ಹಾಕಿ ಸ್ವಾಮಿ. ಫೋನು, ಬಾಗ್ಲು ಎರಡನ್ನೂ ಮಡಿಚಿ ಕಣ್ಣಾರೆ ನೋಡಿದೋರು ನೀವೇ ತಾನೆ."