ರವಿಕೆಯ ಟಗರು ಮತ್ತು ನನ್ನ ಅಪ್‌ಗ್ರೇಡು

ಗಡಿಯಾರ ರಿಪೇರಿ ಮಾಡುವವರಿಗೆಲ್ಲ ಒಂದು ಕಾಯಿಲೆ ಇರುತ್ತದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಳ್ಳಿನಷ್ಟು ಸ್ಕ್ರೂ ಬಿಚ್ಚಿ ಬಿಚ್ಚಿ, ಈ ಪ್ರಪಂಚದಲ್ಲಿ ತನ್ನ ಕೈಲಿ ಬಿಚ್ಚಲಾಗದ್ದು ಏನೂ ಇಲ್ಲ ಅನ್ನಿಸಿಬಿಡುತ್ತದೆ. ಚಿತ್ರದುರ್ಗದ ಹಳೇ ಪೇಟೆಯಲ್ಲಿ ನನ್ನದೊಂದು ಗಡಿಯಾರದ ಅಂಗಡಿ. ಈಗ ಎಲ್ಲರೂ ಮೊಬೈಲಿನಲ್ಲೇ ಟೈಮು ನೋಡಿಕೊಳ್ಳುವುದರಿಂದ ನನ್ನ ಹತ್ತಿರ ಟೈಮು ಮಾತ್ರ ಬೇಕಾದಷ್ಟಿದೆ.

ಮನೆ ನಡೆಯುವುದು ನನ್ನ ಹೆಂಡತಿ ಶಾಹಿದಾಳ ಎಂಬ್ರಾಯ್ಡರಿಯಿಂದ. ಅವಳು ಕಂಪ್ಯೂಟರಿನಲ್ಲಿ ಚಿತ್ರ ಬರೆದು ಪೆನ್‌ಡ್ರೈವಿಗೆ ಹಾಕಿ ಮಷೀನಿಗೆ ಸಿಕ್ಕಿಸಿದರೆ, ಮಷೀನು ಟಕಟಕ ಅಂತ ರವಿಕೆಯ ಮೇಲೆ ಅದೇ ಚಿತ್ರ ಹೊಲಿಯುತ್ತದೆ. ಈ ವ್ಯವಹಾರದಲ್ಲಿ ನನ್ನ ಪಾತ್ರ ಚಹಾ ಮಾಡುವುದು.

ಒಂದು ದಿನ ಬಿ.ದುರ್ಗದಿಂದ ಗೌರಮ್ಮ ಅನ್ನೋರು ಬಂದರು. ಕುರಿ ಸಾಕುವ ಮನೆತನ. ಮಗಳ ಮದುವೆಗೆ ರವಿಕೆ ಆಗಬೇಕಿತ್ತು.

"ಬೆನ್ನಿಗೆ ಏನು ಹಾಕಾಣಕ್ಕ? ನವಿಲಾ?" ಅಂತ ಶಾಹಿದಾ ಕೇಳಿದಳು.

"ಟಗರು."

"ಏನು?"

"ಟಗರು ಕಣಮ್ಮ! ನಮ್ಮ ಹುಡುಗಿ ಅದು ಮರಿ ಇದ್ದಾಗ್ಲಿಂದ ಬಾಟ್ಲೀಲಿ ಹಾಲು ಕುಡಿಸಿ ಸಾಕಿದಾಳೆ. ಗಂಡನ ಮನೆಗೆ ಅದನ್ನ ಕರ್ಕಂಡು ಹೋಗಾಕಾಗುತ್ತಾ? ಬೆನ್ನ ಮೇಲಾದ್ರೂ ಬರ್ಲಿ ಅಂತಾಳೆ."

ಶಾಹಿದಾಳಿಗೆ ಆ ಮಾತು ತಾಗಿತು. ಗೌರಮ್ಮನ ಮೊಬೈಲಿನಲ್ಲಿದ್ದ ಫೋಟೋ ಇಸಕೊಂಡು, ಬೇರೆ ಕೆಲಸವೆಲ್ಲ ಬದಿಗಿಟ್ಟು ಟಗರಿನ ಹಿಂದೆ ಬಿದ್ದಳು. ಕೊಂಬಿನ ಸುರುಳಿ ಬಂತು, ಉಣ್ಣೆ ಬಂತು. ಕಣ್ಣು ಮಾತ್ರ ಬರಲೊಲ್ಲದು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೊಂದು ಬೆಳಿಗ್ಗೆ ಟಗರು ಪರದೆಯ ಒಳಗಿನಿಂದ ನನ್ನನ್ನೇ ದುರುಗುಟ್ಟಿ ನೋಡಿತು. ನಾನು ಚಹಾ ಲೋಟದ ಸಮೇತ ಒಂದು ಹೆಜ್ಜೆ ಹಿಂದೆ ಸರಿದೆ!

ಅವತ್ತೇ ಸಂಜೆ ಗೌರಮ್ಮ ರವಿಕೆ ಒಯ್ಯಲು ಬರುವವರಿದ್ದರು. ಹೊಲಿಯುವುದೊಂದೇ ಬಾಕಿ. ಕೊಂಬಿನ ಬಣ್ಣದ ದಾರ ತರಲು ಶಾಹಿದಾ ಪೇಟೆಗೆ ಹೋದಳು. ಅಂಗಡಿಗೆ ರಜೆ. ಮನೆಯಲ್ಲಿ ನಾನು, ಕಂಪ್ಯೂಟರು.

ಪರದೆಯ ಮೂಲೆಯಲ್ಲಿ ಒಂದು ಸಂದೇಶ ಮೂಡಿತು: ಆಪರೇಟಿಂಗ್ ಸಿಸ್ಟಮ್ಮಿನ ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲು ಇಚ್ಛಿಸುವಿರಾ? ಆಹಾ, ಎಂಥ ವಿನಯ! ನನ್ನ ಇಚ್ಛೆಯನ್ನು ಈ ಮನೆಯಲ್ಲಿ ಯಾರೂ ವಿಚಾರಿಸಿದ್ದಿಲ್ಲ. ಹೆಂಡತಿ ಬರುವಷ್ಟರಲ್ಲಿ ಕಂಪ್ಯೂಟರನ್ನು ಹೊಸದು ಮಾಡಿಟ್ಟರೆ ಎಷ್ಟು ಖುಷಿಪಟ್ಟಾಳು! ಸದರಿ ಮಹತ್ಕಾರ್ಯವನ್ನು ಕೈಗೆತ್ತಿಕೊಂಡೇಬಿಟ್ಟೆ.

ಅರ್ಧದವರೆಗೆ ಎಲ್ಲ ಸುಗಮ. ಆಮೇಲೆ ಕೆಂಪು ಅಕ್ಷರ ಬಂತು. ಪ್ಯಾಕೇಜುಗಳು ಮುರಿದಿವೆಯಂತೆ.

ಪ್ಯಾಕೇಜು ಅಂದರೆ ಕಂಪ್ಯೂಟರಿನ ಒಳಗಿರುವ ಒಂದೊಂದು ಸಾಫ್ಟ್‌ವೇರಿನ ಗಂಟು. ಒಂದಕ್ಕೆ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು ಬೇಕು. ಥೇಟು ಗಡಿಯಾರದ ಹಲ್ಲುಚಕ್ರಗಳ ಹಾಗೆ. ಇದು ನನ್ನ ಸೀಮೆ! ಫೋನಿನಲ್ಲಿ ಹುಡುಕಿದೆ. 'ತೊಂದರೆ ಕೊಡುವ ಪ್ಯಾಕೇಜನ್ನು ತೆಗೆದುಹಾಕಿ' ಅಂತ ಯಾವನೋ ಪುಣ್ಯಾತ್ಮ ಬರೆದಿದ್ದ. ಯಾವುದು ತೊಂದರೆ ಕೊಡುತ್ತಿದೆ ಅಂತ ಆ ಕೆಂಪು ಅಕ್ಷರದಲ್ಲೇ ಬರೆದಿತ್ತು. ಆದರೆ ಅಷ್ಟುದ್ದ ಯಾರು ಓದುತ್ತಾರೆ? ಪಟ್ಟಿಯಲ್ಲಿ ಹತ್ತಾರು ಹೆಸರು 'ಲಿಬ್' ಅಂತ ಶುರುವಾಗುತ್ತಿದ್ದವು. ಲಿಬ್ ಅಂದರೆ ಲೈಬ್ರರಿಯಂತೆ. ರವಿಕೆ ಹೊಲಿಯುವವರ ಮನೆಯಲ್ಲಿ ಇಷ್ಟೊಂದು ಲೈಬ್ರರಿ ಯಾಕೆ? ಒಂದನ್ನು ಆರಿಸಿ, ತೆಗಿ ಅಂದೆ.

ಕಂಪ್ಯೂಟರಿಗೆ ಗಾಬರಿಯಾಯಿತು. ಇದರ ಜೊತೆ ಇನ್ನೂ ಎಷ್ಟೋ ಹೋಗುತ್ತವೆ, ಇದು ಅಪಾಯಕಾರಿ, ನಿಜವಾಗಿಯೂ ಬೇಕಿದ್ದರೆ ಇಂಗ್ಲಿಷಿನಲ್ಲಿ ಈ ವಾಕ್ಯವನ್ನು ನೀವೇ ಟೈಪ್ ಮಾಡಿ ಅಂತು. ಆ ವಾಕ್ಯದ ಅರ್ಥ: 'ಹೌದು, ನಾನು ಹೇಳಿದ ಹಾಗೆ ಮಾಡು!'

ಮದುವೆಯಾದಾಗಿನಿಂದ ಈ ಮಾತು ಹೇಳಲು ನನಗೊಂದು ಅವಕಾಶ ಸಿಕ್ಕಿರಲಿಲ್ಲ. ಎದೆ ಉಬ್ಬಿತು. ಒಂದೊಂದೇ ಅಕ್ಷರವನ್ನು ಚಪ್ಪರಿಸುತ್ತ ಟೈಪ್ ಮಾಡಿದೆ. ಕೊನೆಯ ಆಶ್ಚರ್ಯಸೂಚಕ ಚಿಹ್ನೆಯನ್ನಂತೂ ಗುದ್ದಿಯೇ ಹಾಕಿದೆ!

ಹೇಳಿದ ಹಾಗೆ ಮಾಡಿತು. ಕಂಪ್ಯೂಟರಿನ ತಪ್ಪೇನೂ ಇಲ್ಲ.

ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಚಿತ್ರಗಳಿಲ್ಲ, ಮೌಸಿನ ಬಾಣವಿಲ್ಲ. ಕಪ್ಪು ಪರದೆ. ಹೆಸರು, ಪಾಸ್‌ವರ್ಡು ಕೊಟ್ಟ ಮೇಲೂ ಅದೇ ಕಪ್ಪು. ಮೂಲೆಯಲ್ಲಿ ಒಂದು ಬಿಳಿ ಗೀಟು ಮಾತ್ರ ಕಣ್ಣು ಮಿಟುಕಿಸುತ್ತಿತ್ತು. ಗಡಿಯಾರದಲ್ಲಾದರೆ ರಿಪೇರಿ ಮುಗಿದ ಮೇಲೆ ಒಂದೆರಡು ಸ್ಕ್ರೂ ಉಳಿದರೂ ಮುಳ್ಳು ಓಡುತ್ತದೆ. ಇಲ್ಲಿ ಮುಳ್ಳೂ ಇಲ್ಲ, ಡಯಲ್ಲೂ ಇಲ್ಲ!

ಅಷ್ಟರಲ್ಲಿ ಶಾಹಿದಾ ಬಂದಳು.

"ಅಜೀ, ಕಂಪ್ಯೂಟರ್ ಎಲ್ಲಿ?"

"ಎದುರಿಗೇ ಐತಲ್ಲ."

"ಇದು ಡಬ್ಬ. ಕಂಪ್ಯೂಟರ್ ಎಲ್ಲಿ?"

ನಡೆದದ್ದನ್ನು ಹೇಳಿದೆ. 'ಸ್ವಲ್ಪ', 'ಚೂರು', 'ತಾತ್ಕಾಲಿಕ' ಎಂಬ ಪದಗಳನ್ನು ಧಾರಾಳವಾಗಿ ಬಳಸಿದೆ. ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ. ಮಂಚದ ತುದಿಯಲ್ಲಿ ಕುಂತು, ತಂದ ದಾರದ ಉಂಡೆಗಳನ್ನು ಮಡಿಲಲ್ಲಿಟ್ಟುಕೊಂಡಳು. "ಟಗರು ಅದರೊಳಗೇ ಇತ್ತು" ಅಂದಳು. "ಆ ಹುಡುಗಿಗೆ ನಾನೇನು ಹೇಳ್ಲಿ?"

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಅಂಗಿಯ ತೋಳು ಮಡಚಿ ಕಂಪ್ಯೂಟರಿನ ಮುಂದೆ ಕೂತೆ.

ಒಳಗಿರುವ ಫೈಲುಗಳ ಹೆಸರು ನೋಡುವ ಉಪಾಯವನ್ನು ಫೋನಿನಲ್ಲಿ ಹುಡುಕಿದೆ. ಎರಡೇ ಅಕ್ಷರದ ಆಜ್ಞೆ. ಟೈಪ್ ಮಾಡಿದ್ದೇ ತಡ, ಕಪ್ಪು ಪರದೆಯ ಮೇಲೆ ಬಿಳಿ ಹೆಸರುಗಳು ಸಾಲುಗಟ್ಟಿದವು. ನವಿಲು, ಕಮಲ, ಮಾವಿನಕಾಯಿ, ಎಲ್ಲದರ ಕೊನೆಗೆ...

"ಟಗರು! ಶಾಹಿದಾ, ಟಗರು ಬದುಕೈತೆ!"

ಅವಳು ಎದ್ದು ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡಳು. ಚಿತ್ರ ಕ್ಷೇಮ, ಅದನ್ನು ತೆರೆಯುವ ಸಾಫ್ಟ್‌ವೇರ್ ಮಾತ್ರ ಹಾಳಾಗಿದೆ. 'ಮುರಿದದ್ದನ್ನು ಸರಿಮಾಡು' ಅನ್ನುವ ಆಜ್ಞೆಯೇ ಒಂದಿದೆಯಂತೆ. ಕೊಟ್ಟೆ. ಮತ್ತೆ ಅದೇ ತಕರಾರು.

"ಏನಂತೈತೆ ಅದು? ಜೋರಾಗಿ ಓದ್ರಿ."

ಓದಿದೆ. ಬೆಳಗಿನಿಂದ ಓದದೇ ಇದ್ದದ್ದನ್ನು, ಕನ್ನಡ ಮಾಡುತ್ತ, ನಿಧಾನವಾಗಿ. ಎಂಬ್ರಾಯ್ಡರಿಯ ಹೊಸ ಪ್ಯಾಕೇಜು ಒಂದು ಫೈಲನ್ನು ಇಡಲು ಹೋಗಿದೆ. ಆ ಜಾಗದಲ್ಲಿ ಹಳೇ ಪ್ಯಾಕೇಜಿನ ಫೈಲು ಇದೆ. ಓದುತ್ತಿದ್ದ ಹಾಗೇ ತಲೆಯೊಳಗೆ ದೀಪ ಹತ್ತಿತು.

"ಲೇ, ಇದು ಹೊಸದುರ್ಗದ ಬಸ್ಸು ಕಣೇ! ಹಳೇದು ಸೀಟಿನ ಮೇಲೆ ಟವೆಲ್ ಹಾಕೈತೆ. ಹೊಸದು ಬಂದು ಇದು ನನ್ನ ಸೀಟು ಅಂತ ಜಗಳಕ್ಕೆ ನಿಂತೈತೆ. ಇವೆರಡರ ಜಗಳದಾಗೆ ಹಿಂದಿನ ಜನ ಯಾರೂ ಹತ್ತಾಕಾಗ್ತಿಲ್ಲ!"

"ಹಂಗಾರೆ ಟವೆಲ್ ತೆಗೀರಿ."

ಹಳೇ ಪ್ಯಾಕೇಜನ್ನು ಇಳಿಸಿದೆ. ಈ ಸಲ ಹೆಸರನ್ನು ಅಕ್ಷರ ಅಕ್ಷರ ಓದಿ, ಶಾಹಿದಾಳಿಂದಲೂ ಓದಿಸಿ! ಮತ್ತೆ 'ಸರಿಮಾಡು' ಅಂದೆ. ಪರದೆಯ ಮೇಲೆ ಬಿಳಿ ಸಾಲುಗಳು ದಡದಡ ಇಳಿಯತೊಡಗಿದವು. ಕೆಂಪು ಇಲ್ಲ. ನಾನು ಕಿತ್ತುಹಾಕಿದ್ದ ಲೈಬ್ರರಿಯನ್ನೂ ಅದರ ಜೊತೆ ಹೋಗಿದ್ದ ಡೆಸ್ಕ್‌ಟಾಪನ್ನೂ ಕ್ಷಮೆ ಕೇಳಿ ವಾಪಸ್ ಕರೆಸಿಕೊಂಡೆ. ಪುಣ್ಯಕ್ಕೆ ಇಂಟರ್‌ನೆಟ್ಟಿನ ವೈರು ಗಟ್ಟಿಯಾಗಿತ್ತು. ನಾನು ಕೈ ಹಾಕದೆ ಬಿಟ್ಟಿದ್ದ ವಸ್ತು ಅದೊಂದೇ. ಆಫ್ ಮಾಡಿ ಆನ್ ಮಾಡಿದೆ.

ಬಣ್ಣ ಬಂತು! ಬಾಣ ಬಂತು! ಶಾಹಿದಾ ಒಂದು ಒತ್ತು ಒತ್ತಿದಳು. ಟಗರು ಕೊಂಬು ತಿರುವಿಕೊಂಡು ಎದ್ದು ನಿಂತಿತು!

ನಾನು ಕೂಗುತ್ತ ಬೀದಿಗೇ ಓಡಿದೆ. ಪಕ್ಕದ ಮನೆಯ ರುದ್ರಣ್ಣ ಎರಡೂ ಕೈಯಲ್ಲಿ ಕೊಡ ಹಿಡಿದು ಹೊರಗೆ ಬಂದ.

"ಏನಪ್ಪ, ನೀರು ಬಂತಾ?"

"ಇಲ್ಲ ರುದ್ರಣ್ಣ, ಟಗರು ಬಂತು!"

"ಹೌದಾ! ಎಷ್ಟು ಕೇಜಿ ಬರುತ್ತೆ?"

ಗೌರಮ್ಮ ಬಂದಾಗ ಮಷೀನು ಎರಡನೇ ಕೊಂಬು ಹೊಲಿಯುತ್ತಿತ್ತು. "ಕುಂತ್ಕಳ್ರಿ, ಆಗೋಯ್ತು" ಅಂದಳು ಶಾಹಿದಾ. ಕೊನೆಗೆ ಕಣ್ಣು. ದಾರ ಕತ್ತರಿಸಿ ರವಿಕೆಯನ್ನು ಕೈಗಿತ್ತಾಗ ಗೌರಮ್ಮ ಟಗರಿನ ಹಣೆ ಸವರಿದರು, ನಿಜವಾದದ್ದನ್ನು ಸವರಿದ ಹಾಗೆ. ಮಗಳಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದರು. ಆ ಕಡೆಯಿಂದ ಹುಡುಗಿ "ಅವ್ವಾ!" ಅಂದಳು. ಆಮೇಲೆ ಫೋನಿನಲ್ಲಿ ಬರೀ ಕಣ್ಣೊರೆಸಿಕೊಳ್ಳುವ ಅವಳ ಸೆರಗು ಕಾಣುತ್ತಿತ್ತು.

ನನಗಿನ್ನು ತಡೆಯಲಾಗಲಿಲ್ಲ. ಗೌರಮ್ಮನಿಗೆ ಚಹಾ ಕೊಟ್ಟು, ಪ್ಯಾಕೇಜು, ಟವೆಲ್ಲು, ಬಸ್ಸು, ಎಲ್ಲವನ್ನೂ ಸವಿಸ್ತಾರವಾಗಿ ನಿವೇದಿಸಿದೆ. ಅವರು ಶ್ರದ್ಧೆಯಿಂದ ಕೇಳಿದರು.

"ಸರಿ ಮಾಡಿದೋರು ನೀವೇ?"

"ಹೌದು ಗೌರಮ್ಮ, ನಾನೇ!"

"ಕೆಡಿಸಿದೋರು?"

ನಾನು ಲೋಟ ತೊಳೆಯಲು ಎದ್ದೆ.

ಮದುವೆಗೆ ನಮ್ಮಿಬ್ಬರನ್ನೂ ಕರೆದಿದ್ದರು. ಹೊಳಲ್ಕೆರೆಯ ಛತ್ರದಲ್ಲಿ ಟಗರಿನದೇ ಸುದ್ದಿ. ಫೋಟೋಗ್ರಾಫರು ಮದುಮಗಳಿಗೆ "ಆ ಕಡೆ ತಿರುಗಮ್ಮ, ಇನ್ನೊಂದು" ಅಂತ ಗೋಗರೆಯುತ್ತಿದ್ದ. ಮದುಮಗ ಪಾಪ ಒಬ್ಬನೇ ಕ್ಯಾಮೆರಾ ನೋಡುತ್ತ ನಿಂತಿದ್ದ. ಶಾಹಿದಾಳ ಸುತ್ತ ಹೆಂಗಸರು ಮುತ್ತಿಕೊಂಡಿದ್ದರು. ಒಬ್ಬಳಿಗೆ ಹಸು ಬೇಕಂತೆ, ಇನ್ನೊಬ್ಬಳಿಗೆ ಹುಂಜ. ನಾನು ಇಸ್ತ್ರಿ ಅಂಗಿಯಲ್ಲಿ ಎದೆಯುಬ್ಬಿಸಿ ನಿಂತಿದ್ದೆ. ಗೌರಮ್ಮ ನನ್ನ ಕೈ ಹಿಡಿದು ಊಟದ ಸಾಲಿಗೆ ಕರೆದೊಯ್ದರು.

"ನೋಡ್ರಪ್ಪ, ಇವ್ರೇ" ಅಂತ ಎಲ್ಲರಿಗೂ ಕೇಳುವ ಹಾಗೆ ಪರಿಚಯಿಸಿದರು. "ಕಂಪ್ಯೂಟರ್ ಕೆಡಿಸಿದೋರು!"

ಸಾಲಿನಲ್ಲಿದ್ದವರೆಲ್ಲ ಬಹಳ ಗೌರವದಿಂದ ಕೈ ಮುಗಿದರು.

ನಾನೂ ಮುಗಿದೆ.