ನಮ್ಮ ಸ್ವಂತ ಬಾಡಿಗೆ ಮನೆ

ನನ್ನ ಜಾತಕದಲ್ಲಿ ಮಾತಿನ ಒಡೆಯ ಬುಧ ಮಲಗಿದ್ದಾನಂತೆ. ಮಲಗಿದ್ದರೆ ಮಲಗಿರಲಿ, ನನಗೇನೂ ತೊಂದರೆ ಇರಲಿಲ್ಲ. ನಾನು ಸದ್ದು ಮಾಡುವವಳಲ್ಲ, ಅವನಿಗೆ ನಿದ್ದೆ ಕೆಡುವ ಭಯವಿರಲಿಲ್ಲ. ಹುಟ್ಟಿದಾಗಿನಿಂದ ಇಬ್ಬರೂ ಹೊಂದಿಕೊಂಡೇ ಇದ್ದೆವು. ಅವನನ್ನು ಎಬ್ಬಿಸಲೇಬೇಕು ಎಂದು ಹಟ ಹಿಡಿದವಳು ಅಮ್ಮ. ಎಬ್ಬಿಸಿದ ಫಲವಾಗಿ ನಾವು ಮನೆ ಬದಲಾಯಿಸಬೇಕಾಯಿತು. ಅಮ್ಮ ಈಗ ಕಂಡವರಿಗೆಲ್ಲ, ಇದು ಇವಳಿಂದಲೇ ಆಗಿದ್ದು ಎಂದು ಹೇಳಿಕೊಂಡು ಬರುತ್ತಿದ್ದಾಳೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆಯೇ ಒಮ್ಮೆ ಬರೆದುಬಿಡುವುದು ಒಳ್ಳೆಯದು ಅನ್ನಿಸಿತು. (ಬಾಯಲ್ಲಿಯೇ ಹೇಳಬಹುದಿತ್ತು. ಆದರೆ ಬುಧ.)

ನಾನು ಶಾಲೆ ಬಿಟ್ಟವಳು. ಪಾಠ ತಲೆಗೆ ಹತ್ತದೆ ಬಿಟ್ಟದ್ದಲ್ಲ. ಎದ್ದು ನಿಂತು ಓದು ಎಂದರೆ ಸಾಕು, ನನ್ನ ದನಿ ಗಂಟಲಿಗೆ ಬೀಗ ಹಾಕಿಕೊಂಡು ಎಲ್ಲೋ ಹೊರಟುಹೋಗುತ್ತಿತ್ತು. ಒಂದು ದಿನ ಅದರ ಹಿಂದೆಯೇ ನಾನೂ ಹೊರಟು ಬಂದೆ. ಅಮ್ಮ ಮನೆಯಲ್ಲೇ ಕಿಟಕಿ ಪರದೆಗಳನ್ನು ಹೊಲಿದು ಕೊಡುತ್ತಾಳೆ; ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು ನನ್ನ ಪಾಲಿಗೆ ಬಂತು. ಪರದೆ ಬಟ್ಟೆ ನಮ್ಮನ್ನು ಮಾತಾಡಿಸುವುದಿಲ್ಲ, ಅದೇ ಅದರ ದೊಡ್ಡ ಗುಣ. ಅಪ್ಪ ಲಿಫ್ಟ್ ರಿಪೇರಿ ಮಾಡುತ್ತಾನೆ. ದಿನವಿಡೀ ಊರಿನವರನ್ನೆಲ್ಲ ಮೇಲಕ್ಕೇರಿಸಿ, ಸಂಜೆ ಮಹಡಿಯೇ ಇಲ್ಲದ ಬಾಡಿಗೆ ಮನೆಗೆ ಬರುತ್ತಾನೆ ಎಂದು ಅಮ್ಮ ಆಗಾಗ ನೆನಪಿಸುತ್ತಿರುತ್ತಾಳೆ.

ಅಮ್ಮನ ಫೋನಿನೊಳಗೆ ಒಬ್ಬರು ಮೇಡಂ ಇದ್ದರು. ಅಪ್ಪ ಅವರಿಗೆ ಗ್ರಹ ಮೇಡಂ ಎಂದು ಹೆಸರಿಟ್ಟಿದ್ದ. ಹಳೆಯ ಕಾಲದ ಜ್ಯೋತಿಷಿಗಳು ಗ್ರಹಗಳನ್ನು ತೋರಿಸಿ ಹೆದರಿಸುತ್ತಿದ್ದರಂತೆ. ಗ್ರಹ ಮೇಡಂ ಹಾಗಲ್ಲ. ಅವರು ಗ್ರಹಗಳಿಗೇ ಆರ್ಡರ್ ಕೊಡುವುದನ್ನು ಕಲಿಸುತ್ತಿದ್ದರು. ಬ್ರಹ್ಮಾಂಡ ಕೊಡಲು ಕೈ ಚಾಚಿ ನಿಂತಿದೆ, ನಮಗೆ ಕೇಳಲು ಬರುವುದಿಲ್ಲ, ವ್ಯಕ್ತಿತ್ವ ಬೆಳೆಯುವುದೇ ಸರಿಯಾಗಿ ಕೇಳುವುದನ್ನು ಕಲಿತಾಗ ಎಂಬುದು ಅವರ ಪಾಠ. ಇದಕ್ಕೆ ಮ್ಯಾನಿಫೆಸ್ಟ್ ಮಾಡುವುದು ಎನ್ನುತ್ತಾರೆ. ನನ್ನ ವ್ಯಕ್ತಿತ್ವ ಬೆಳೆಯಲು ದಿನಕ್ಕೊಬ್ಬರು ಹೊರಗಿನವರ ಹತ್ತಿರ ಒಂದು ಪೂರ್ತಿ ವಾಕ್ಯ ಮಾತಾಡಬೇಕು ಎಂದು ಅವರೇ ಹೇಳಿದ್ದು.

ಅಮ್ಮನದು ಮಕರ ರಾಶಿ. ಗುರು ಈಗ ಮಕರದವರ ನಾಲ್ಕನೇ ಮನೆಗೆ ಬಂದಿದ್ದಾನೆ, ಜಾತಕದಲ್ಲಿ ನಾಲ್ಕನೇ ಮನೆ ಎಂದರೆ ನಿಜವಾದ ಮನೆಯೇ, ಗೋಡೆ ಸೂರು ಸಮೇತ, ಅವನು ಮುಂದಕ್ಕೆ ಹೋಗುವುದರೊಳಗೆ ಕೇಳಿಕೊಂಡರೆ ಸ್ವಂತ ಮನೆ ಖಚಿತ ಎಂದು ಮೇಡಂ ಹೇಳಿದಾಗ ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿಬಿಟ್ಟಳು. ಆ ಗುರು ನಾಲ್ಕನೇ ಮನೆಯಲ್ಲಿ ಸ್ವಂತಕ್ಕಿದ್ದಾನೋ ಬಾಡಿಗೆಗೋ ಎಂದು ಅಪ್ಪ ಕೇಳಿದ. ಆ ದಿನ ಅವನಿಗೆ ಟೀ ಸಿಗಲಿಲ್ಲ.

ಕೇಳುವ ಕ್ರಮವೇನೆಂದರೆ, ಬೇಕಾದದ್ದರ ಚಿತ್ರವನ್ನು ಒಂದು ಬೋರ್ಡಿಗೆ ಅಂಟಿಸಿ ಗೋಡೆಗೆ ತೂಗುಹಾಕಬೇಕು. ಅದು ಆಗಲೇ ಸಿಕ್ಕಿದೆ ಎಂಬಂತೆ ಬದುಕಬೇಕು. ಸಿಕ್ಕಿಲ್ಲ ಎಂದು ಬಾಯಿ ತಪ್ಪಿಯೂ ಹೇಳಬಾರದು. ಹೇಳಿದರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ನೀರುಪಾಲು. ಬೋರ್ಡ್ ಮಾಡುವ ಕೆಲಸ, ಕತ್ತರಿ ಹಿಡಿದವಳೆಂದು, ನನಗೆ ಬಂತು.

ಯಾವ ಮನೆಯ ಚಿತ್ರ ಎಂಬಲ್ಲಿಂದ ಜಗಳ ಶುರುವಾಯಿತು. ಅಮ್ಮನಿಗೆ ದೊಡ್ಡ ಅಡುಗೆಮನೆ ಬೇಕು. ಅಪ್ಪನಿಗೆ ಮಹಡಿ ಬೇಡವೇ ಬೇಡ, ಮಹಡಿ ಎಂದರೆ ಅವನಿಗೆ ಆಫೀಸು. ಅಡುಗೆಮನೆಯ ಗಾತ್ರದ ಮೇಲೆ ಶುರುವಾದ ಮಾತು ಅಪ್ಪನ ಅಕ್ಕ ಬಂದಾಗ ಮಲಗುವುದೆಲ್ಲಿ ಎಂಬಲ್ಲಿಗೆ ಬಂದು, ಅವರು ಹಿಂದೆ ಬಂದಾಗ ಆಡಿದ ಮಾತುಗಳ ಕಡೆ ತಿರುಗಿತು. ಮೇಡಂ ಮಾತ್ರ ಒಂದನ್ನೇ ಹೇಳುತ್ತಿದ್ದರು: ಚಿತ್ರ ಅಂದಾಜಿನದಾಗಿರಬಾರದು, ಅಳತೆ ಸಮೇತ ಸ್ಪಷ್ಟವಾಗಿರಬೇಕು, ಇಲ್ಲದಿದ್ದರೆ ಬ್ರಹ್ಮಾಂಡಕ್ಕೆ ಗೊಂದಲವಾಗುತ್ತದೆ.

ಈ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ಕಿಟಕಿ ಸುಮಾರಾಗಿ ಇಷ್ಟಿದೆ ಎಂದು ಕೈಯಲ್ಲಿ ತೋರಿಸಿ ಹೋಗುವ ಗಿರಾಕಿಗೆ ಸರಿಯಾದ ಪರದೆ ಯಾವತ್ತೂ ಸಿಗುವುದಿಲ್ಲ. ಹಾಗಾದರೆ ಪೂರ್ತಿ ಅಳತೆ ನನಗೆ ಗೊತ್ತಿರುವ ಮನೆ ಯಾವುದು? ನಾವಿದ್ದ ಮನೆಯೊಂದೇ. ಅದರ ಒಂದೊಂದು ಕಿಟಕಿಯ ಅಳತೆಯೂ ನನಗೆ ಬಾಯಿಪಾಠ. ಜೊತೆಗೆ, ಆ ಬೀದಿಯವರೆಲ್ಲ ನನ್ನನ್ನು ಮಾತಾಡಿಸುವ ಆಸೆ ಬಿಟ್ಟು ವರ್ಷಗಳಾಗಿದ್ದವು. ಅಂಗಡಿಯವನು ನನ್ನ ಮುಖ ನೋಡಿಯೇ ನೂಲಿನ ಬಣ್ಣ ತೆಗೆದುಕೊಡುತ್ತಿದ್ದ. ಹೊಸ ಬೀದಿ ಎಂದರೆ ಹೊಸ ಅಂಗಡಿಯವನು, ಹೊಸ ಅಕ್ಕಪಕ್ಕದವರು. ಒಬ್ಬೊಬ್ಬರಿಗೂ ಮೊದಲಿನಿಂದ ನನ್ನ ಮೌನವನ್ನು ಪರಿಚಯಿಸಬೇಕು. ಅದನ್ನು ನೆನೆದರೇ ನನಗೆ ಬೆವರು ಬರುತ್ತಿತ್ತು.

ಎದುರುಗಡೆಯ ಫುಟ್‌ಪಾತಿನಲ್ಲಿ ನಿಂತು ನಮ್ಮ ಮನೆಯದೇ ಫೋಟೋ ತೆಗೆದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಅಂಚು ನೇರ ಕತ್ತರಿಸಿ, ಬೋರ್ಡಿಗೆ ಅಂಟಿಸಿ, ಕೆಳಗೆ "ನಮ್ಮ ಸ್ವಂತ ಮನೆ. ಆಗಲೇ ಸಿಕ್ಕಿದೆ" ಎಂದು ದುಂಡಗೆ ಬರೆದೆ. ಅಮ್ಮ ಬಹಳ ಹೊತ್ತು ನೋಡಿದಳು. ಕಣ್ಣು ಒರೆಸಿಕೊಂಡಳು. ಸಾಮಾನು ಸಾಗಿಸುವ ಖರ್ಚು ಕೂಡ ಉಳಿಯಿತು ಎಂದಳು.

ಆಗಲೇ ಸಿಕ್ಕಿದೆ ಎಂಬಂತೆ ಬದುಕುವುದು ಮೊದಮೊದಲು ಸುಲಭವಾಗಿಯೇ ಇತ್ತು. ಸ್ವಂತ ಮನೆಯವರು ನಲ್ಲಿ ಸೋರುತ್ತದೆ ಎಂದು ಬೇರೆಯವರಿಗೆ ದೂರು ಹೇಳುವುದಿಲ್ಲವಾದ್ದರಿಂದ ಅಪ್ಪ ನಲ್ಲಿ ಸರಿ ಮಾಡಿದ. ಗೇಟಿಗೆ ಎಣ್ಣೆ ಬಿಟ್ಟ. ಮುಂದಿನ ಗೋಡೆಗೆ ಅಮ್ಮ ತನಗಿಷ್ಟವಾದ ಬಣ್ಣ ಬಳಿಸಿದಳು. ತೊಡಕಾದದ್ದು ಬಾಡಿಗೆಯಲ್ಲಿ. ಬಾಡಿಗೆ ಕೊಟ್ಟರೆ ಮನೆ ನಮ್ಮದಲ್ಲ ಎಂದು ನಾವೇ ಬ್ರಹ್ಮಾಂಡಕ್ಕೆ ಬರೆದುಕೊಟ್ಟ ಹಾಗಾಯಿತಲ್ಲ ಎಂದು ಅಮ್ಮ. ಬ್ರಹ್ಮಾಂಡ ಅತ್ತ ತಿರುಗಿದಾಗ ಕೊಟ್ಟುಬಿಡೋಣ ಎಂದು ಅಪ್ಪ. ಕೊನೆಗೆ ಮೇಡಂ ಅವರನ್ನೇ ಕೇಳಿದ್ದಾಯಿತು. ಕೊಡಿ, ಆದರೆ ಬಾಡಿಗೆ ಎನ್ನಬೇಡಿ, ಕೃತಜ್ಞತೆ ಎಂದುಕೊಂಡು ಕೊಡಿ ಎಂದು ಅಪ್ಪಣೆಯಾಯಿತು.

ಕೃತಜ್ಞತೆಯನ್ನು ತಲುಪಿಸಲು ಆ ತಿಂಗಳು ನನ್ನನ್ನೇ ಕಳಿಸಿದರು. ಆ ದಿನದ ಪೂರ್ತಿ ವಾಕ್ಯವೂ ಆಗಲಿ ಎಂದು. ಮನೆ ಮಾಲೀಕರು ಪಕ್ಕದ ಬೀದಿಯಲ್ಲಿದ್ದರು. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಮಿತಭಾಷಿ. ದಾರಿಯುದ್ದಕ್ಕೂ ವಾಕ್ಯವನ್ನು ಬಾಯೊಳಗೇ ಹೇಳಿಕೊಳ್ಳುತ್ತ ಹೋದೆ. ಅವರು ಬಾಗಿಲು ತೆರೆದರು. ಕವರು ಕೊಟ್ಟು, ಉಸಿರು ತೆಗೆದುಕೊಂಡು, ಒಂದಕ್ಷರವೂ ಬಿಡದೆ ಹೇಳಿದೆ:

"ಇಷ್ಟು ದಿನ ನಮ್ಮ ಮನೇನ ನೋಡ್ಕೊಂಡಿದ್ದಕ್ಕೆ ನಿಮಗೆ ತುಂಬಾ ಧನ್ಯವಾದ ಸಾರ್."

ಅವರು ಕವರನ್ನು ಹಿಡಿದುಕೊಂಡು ಹಾಗೇ ನಿಂತಿದ್ದರು. ನಾನು ನನ್ನ ಜೀವನದ ಅತಿ ಉದ್ದನೆಯ ವಾಕ್ಯವನ್ನು ಮುಗಿಸಿದ ಸಂತೋಷದಲ್ಲಿ ಹೆಚ್ಚುಕಡಿಮೆ ಓಡುತ್ತಲೇ ಮನೆಗೆ ಬಂದೆ.

ಒಂದು ವಿಷಯ ನಮಗೆ ಹೊಳೆದಿರಲಿಲ್ಲ. ಆ ಮನುಷ್ಯ ನೌಕರಿಯುದ್ದಕ್ಕೂ ನೋಡಿದ್ದು ಬಾಡಿಗೆದಾರರು ಮನೆ ನುಂಗಿದ ಕೇಸುಗಳನ್ನೇ. ಸ್ವಾಧೀನ, ಅನುಭೋಗ, ತಡೆಯಾಜ್ಞೆ ಎಂಬ ಪದಗಳ ನಡುವೆಯೇ ಅವರ ಕೂದಲು ಬೆಳ್ಳಗಾಗಿತ್ತು. ಮರುದಿನ ಬೆಳಗ್ಗೆಯೇ ಬಂದರು. ಗೇಟು ಸದ್ದಿಲ್ಲದೆ ತೆರೆದುಕೊಂಡದ್ದನ್ನು ಕಂಡು ನಿಂತರು. ಗೋಡೆಯ ಹೊಸ ಬಣ್ಣವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಒಳಗೆ ಬಂದು ನನ್ನ ಬೋರ್ಡಿನ ಮುಂದೆ ನಿಂತು, ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ಈ ಮನೆ ಯಾರದಮ್ಮಾ?"

ಅಮ್ಮನ ಮುಖ ನೋಡಬೇಕಿತ್ತು. ನಿಮ್ಮದು ಎಂದರೆ ಅಷ್ಟು ದಿನದ ಮ್ಯಾನಿಫೆಸ್ಟೇಷನ್ ಮಣ್ಣುಪಾಲು. ನಮ್ಮದು ಎಂದರೆ ಸಂಜೆಯೊಳಗೆ ನಾವೇ ಬೀದಿಪಾಲು.

"ಕೂತ್ಕೊಳ್ಳಿ ಸಾರ್, ಟೀ ಮಾಡ್ತೀನಿ" ಎಂದಳು.

"ಟೀ ಆಮೇಲೆ. ಮನೆ ಯಾರದು?"

"ಅದನ್ನ ಇವರನ್ನೇ ಕೇಳಿ. ಮನೆ ಯಜಮಾನ್ರು ಇವರಲ್ವಾ."

ಮಾಲೀಕರ ಹುಬ್ಬು ಮೇಲೆ ಹೋಯಿತು. ಅಪ್ಪ ಗಾಬರಿಯಿಂದ, "ಅಯ್ಯೋ, ನಿಮ್ಮದೇ ಸಾರ್" ಎಂದುಬಿಟ್ಟ. ಅಮ್ಮ ಅವನ ಕಾಲು ತುಳಿದಳು. "ನಿಮ್ಮದೇ... ಆಗಿತ್ತು ಸಾರ್" ಎಂದು ಅಪ್ಪ ತಿದ್ದಿಕೊಂಡ.

ಮನೆ ಕೈಬಿಟ್ಟು ಹೋಗುತ್ತಿರುವುದು ನನ್ನ ಕಣ್ಣಿಗೆ ಕಾಣುತ್ತಿತ್ತು. ಹೊಸ ಬೀದಿ, ಹೊಸ ಅಂಗಡಿಯವನು, ಎಲ್ಲ ಒಟ್ಟಿಗೇ ಎದುರು ಬಂದು ನಿಂತರು. ಆಗ ಬುಧ ಎದ್ದ. ಹೇಗೆ ಎದ್ದನೋ ಗೊತ್ತಿಲ್ಲ, ನಾನು ಬೋರ್ಡಿನ ಪಕ್ಕ ಹೋಗಿ ನಿಂತು ಮಾತಾಡತೊಡಗಿದ್ದೆ. ಇದು ಕೋರ್ಟಿಗೆ ಸಂಬಂಧಪಟ್ಟದ್ದಲ್ಲ, ಗುರುವಿಗೆ ಸಂಬಂಧಪಟ್ಟದ್ದು ಎಂದೆ. ಅಮ್ಮನ ಮಕರ ರಾಶಿ, ನಾಲ್ಕನೇ ಮನೆ, ಚಿತ್ರದ ಅಳತೆ, ಆಗಲೇ ಸಿಕ್ಕಿದೆ ಎಂಬಂತೆ ಬದುಕುವ ಕ್ರಮ, ಎಲ್ಲವನ್ನೂ ಬಟ್ಟೆ ಮಡಿಸಿ ಜೋಡಿಸಿದ ಹಾಗೆ ಒಂದರ ಮೇಲೊಂದು ಹೇಳಿದೆ. ಅಪ್ಪ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಮಾಲೀಕರು ಕುರ್ಚಿ ಎಳೆದುಕೊಂಡು ಕೂತರು.

"ಅಂದ್ರೆ ಇದಕ್ಕೆ ವಕೀಲರು ಬೇಡ?"

"ಬೇಡ ಸಾರ್."

"ವಾಯಿದೆ ಗೀಯಿದೆ?"

"ಇಲ್ಲ ಸಾರ್. ಗುರು ಇರೋವರೆಗೆ ಮಾತ್ರ ಟೈಮು."

"ಎದುರು ಪಾರ್ಟಿ ಒಪ್ಪಬೇಕಾ?"

"ಅವರಿಗೆ ಗೊತ್ತೂ ಆಗಲ್ಲ ಸಾರ್."

ಅವರು ಬೋರ್ಡಿನ ಕಡೆ ಇನ್ನೊಮ್ಮೆ ನೋಡಿದರು. ತಮ್ಮದೂ ಮಕರ ರಾಶಿಯೇ ಎಂದರು. ಆಮೇಲೆ, ನಾನು ಆ ಮುಖದಲ್ಲಿ ಎಂದೂ ಕಂಡಿರದಷ್ಟು ಪ್ರೀತಿಯಿಂದ, "ನನಗೂ ಒಂದು ಮಾಡಿಕೊಡ್ತೀಯಾ ಮಗೂ?" ಎಂದು ಕೇಳಿದರು.

ಅವರು ಹೋದ ಮೇಲೆ ಮನೆಯಲ್ಲಿ ನನಗೆ ಸನ್ಮಾನವಾಗುವುದೊಂದು ಬಾಕಿ. ಬಾಯಿ ಬಿಟ್ಟು ಮನೆ ಉಳಿಸಿದಳು ಎಂದು ಅಮ್ಮ ಹೇಳಿದ್ದು ನನಗಿನ್ನೂ ನೆನಪಿದೆ. (ಈಗ ಅವಳಿಗೆ ನೆನಪಿಲ್ಲ.)

ಮಾಲೀಕರಿಗೆ ಬೇಕಾದದ್ದೂ ಇದೇ ಮನೆಯ ಚಿತ್ರವೇ. ಬಾಡಿಗೆಗೆ ಕೊಟ್ಟ ಬೇರೆ ಮನೆ ಅವರಿಗೆ ಇರಲಿಲ್ಲ, ಹಾಗಾಗಿ ನನಗೇನೂ ವಿಶೇಷ ಅನ್ನಿಸಲಿಲ್ಲ. ಕಿಟಕಿಗಳಲ್ಲಿ ಪರದೆ ಬೇಡ, ಬರಿದಾಗಿರಲಿ ಎಂದರು. ಸಣ್ಣ ಕತ್ತರಿಯಲ್ಲಿ, ಉಸಿರು ಬಿಗಿಹಿಡಿದು, ನಾನೇ ಹೊಂದಿಸಿದ್ದ ಪರದೆಗಳನ್ನು ಫೋಟೋದಿಂದ ಒಂದೊಂದಾಗಿ ಕತ್ತರಿಸಿ ತೆಗೆದೆ. ಬಾಗಿಲು ತೆರೆದಿರಬೇಕೋ ಮುಚ್ಚಿರಬೇಕೋ ಎಂದು ಕೇಳಿದೆ. ಹಾರುಹೊಡೆದು ತೆರೆದಿರಲಿ, ಗಾಳಿ ಬೆಳಕು ಬರಲಿ ಎಂದರು. ಗೇಟಿನ ಮುಂದೆ ಸಾಮಾನು ತುಂಬಿದ ಒಂದು ಲಾರಿ ಕೇಳಿದರು. ಅದರ ನೆರಳು ಸರಿಯಾಗಿ ಬೀಳುವಂತೆ ಕೂರಿಸಲು ಬಹಳ ಕಷ್ಟಪಟ್ಟೆ. ಕೊನೆಗೆ ಗೇಟಿಗೆ "ಬಾಡಿಗೆಗೆ ಇದೆ" ಎಂಬ ಒಂದು ಪುಟ್ಟ ಬೋರ್ಡು. ಆ ಪುಟ್ಟ ಅಕ್ಷರಗಳನ್ನು ಬರೆಯಲು ಭೂತಗನ್ನಡಿ ಹಿಡಿದುಕೊಂಡಿದ್ದೆ. ಅಕ್ಷರ ಡೊಂಕಾಗಬಾರದಲ್ಲ.

ಆ ಮನೆಯಲ್ಲಿ ನಾವಿಲ್ಲ ಎಂಬುದು ನನಗೆ ಹೊಳೆದದ್ದು ಅಂಟು ಒಣಗಿ, ಮಾಲೀಕರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ ಮೇಲೆ.

ಅಮ್ಮನಿಗೆ ಹೇಳಿದೆ. ಅವಳು ಹೊಲಿಯುತ್ತಿದ್ದ ಪರದೆಯ ಮೇಲೇ ಕುಸಿದು ಕೂತಳು. ಒಂದೇ ಮನೆಯನ್ನು ಒಂದೇ ರಾಶಿಯ ಇಬ್ಬರು ಒಂದೇ ಗುರುವಿನ ಹತ್ತಿರ ಕೇಳಿದರೆ ಯಾರಿಗೆ ಸಿಗುತ್ತದೆ ಎಂದು ಮೇಡಂ ಅವರಿಗೆ ತುರ್ತಾಗಿ ಪ್ರಶ್ನೆ ಹೋಯಿತು. ಯಾರ ಚಿತ್ರ ಹೆಚ್ಚು ಸ್ಪಷ್ಟವೋ ಅವರಿಗೆ ಎಂದು ಉತ್ತರ ಬಂತು.

"ನಿಜ ಹೇಳು" ಎಂದಳು ಅಮ್ಮ. "ಯಾವುದು ಚೆನ್ನಾಗಿ ಬಂದಿದೆ?"

ನಾನು ಸುಳ್ಳು ಹೇಳಬಹುದಿತ್ತು. ಆದರೆ ಕೆಲಸದ ವಿಷಯದಲ್ಲಿ ನನಗೆ ಸುಳ್ಳು ಬರುವುದಿಲ್ಲ.

"ಅವರದು" ಎಂದೆ. "ನಮ್ಮದು ಮಾಡುವಾಗ ನನಗಿನ್ನೂ ಕೈ ಕೂತಿರಲಿಲ್ಲ ಅಮ್ಮಾ."

ನಮ್ಮದನ್ನೇ ಕಿತ್ತು ಹೊಸದಾಗಿ ಮಾಡೋಣವೆಂದರೆ, ಮಧ್ಯದಲ್ಲಿ ಆರ್ಡರ್ ಬದಲಾಯಿಸಿದವರು ಸಾಲಿನ ಕೊನೆಗೆ ಹೋಗುತ್ತಾರಂತೆ. ಅಲ್ಲಿಂದ ಮನೆಯಲ್ಲಿ ಏನೇ ಆದರೂ ಅಮ್ಮನಿಗೆ ಅದು ಸೂಚನೆಯಾಗಿ ಕಾಣತೊಡಗಿತು. ಸೂಜಿ ಮುರಿದರೆ ಸೂಚನೆ, ಬಲ್ಬು ಹೋದರೆ ಸೂಚನೆ. ಯಾವುದೋ ಲಾರಿ ತಿರುಗಿಸಿಕೊಳ್ಳಲು ನಮ್ಮ ಗೇಟಿನ ಮುಂದೆ ನಿಂತ ದಿನ ಅವಳು ಪಾತ್ರೆಗಳನ್ನು ಕಟ್ಟಲು ಶುರು ಮಾಡಿದಳು. ಅಪ್ಪ ತಲೆ ತಲೆ ಚಚ್ಚಿಕೊಂಡ. ಆ ಮನುಷ್ಯ ನೋಟಿಸ್ ಕೊಟ್ಟಿಲ್ಲ, ಮನೆ ಬಿಡಿ ಎಂದು ಬಾಯಿಬಿಟ್ಟು ಒಂದು ಮಾತು ಹೇಳಿಲ್ಲ ಎಂದು ಕೂಗಾಡಿದ.

"ನಮಗ್ಯಾಕೆ ಹೇಳ್ತಾರೆ ರೀ? ಹೇಳಬೇಕಾದವರಿಗೆ ಹೇಳಿ ಆಗಿದೆ" ಎಂದು ಅಮ್ಮ ಮೇಲೆ ಕೈ ತೋರಿಸಿದಳು.

ಕೊನೆಗೆ ಬೇರೆ ಬಾಡಿಗೆ ಮನೆ ಹಿಡಿದದ್ದೂ ಆಯಿತು. ಬೀಗದ ಕೈ ಕೊಡಲು ಅಪ್ಪನ ಜೊತೆ ನಾನೂ ಹೋದೆ. ಮಾಲೀಕರು ಟೀ ಕೊಟ್ಟರು, ಬಿಸ್ಕತ್ತು ಕೊಟ್ಟರು. ತಾವು ಕೋರ್ಟಿನಲ್ಲಿದ್ದಾಗ ಬಾಡಿಗೆದಾರರನ್ನು ಖಾಲಿ ಮಾಡಿಸುವ ಕೇಸು ಮುಗಿಯುವಷ್ಟರಲ್ಲಿ ಎಷ್ಟೋ ಮಾಲೀಕರೇ ಈ ಲೋಕ ಖಾಲಿ ಮಾಡಿರುತ್ತಿದ್ದರು ಎಂದು ನಕ್ಕರು. ಗೋಡೆಯ ಮೇಲೆ ನನ್ನ ಬೋರ್ಡು ಎಲ್ಲೂ ಕಾಣಲಿಲ್ಲ. ಕಣ್ಣಾಡಿಸಿದೆ. ಅದನ್ನು ನೀರಿನ ಕೊಡದ ಮೇಲೆ ಮುಚ್ಚಿದ್ದರು.

ನನಗೆ ಕೇಳದೆ ಇರಲಾಗಲಿಲ್ಲ.

"ಸಾರ್, ನಿಮಗೆ ಇದರಲ್ಲೆಲ್ಲ ನಂಬಿಕೆ ಇದೆಯಾ?"

"ನನಗ್ಯಾಕಮ್ಮಾ ನಂಬಿಕೆ?" ಎಂದರು ಅವರು. "ನಿಮಗಿತ್ತಲ್ಲ, ಸಾಕಾಯ್ತು."

ಅಪ್ಪ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಬುಧ ಈಗ ಅವನ ಜಾತಕದಲ್ಲಿ ಮಲಗಿದ ಹಾಗಿತ್ತು. ಮಾಲೀಕರ ಮಾತನ್ನು ಅಮ್ಮನಿಗೆ ಹೇಳಿದರೆ, ನೋಡಿದಿರಾ, ನಂಬಿಕೆಯ ಶಕ್ತಿ ಎಂಥದ್ದು ಎಂದಳು. ಅದನ್ನೇ ಗ್ರಹ ಮೇಡಂ ಅವರಿಗೂ ಬರೆದಳು. ಶಿಷ್ಯೆಯ ಮಗಳು ಮಾಡಿದ ಬೋರ್ಡಿನಿಂದ ಕೋರ್ಟಿಲ್ಲದೆ, ಕದನವಿಲ್ಲದೆ ಒಂದು ಮನೆ ಖಾಲಿಯಾಯಿತು ಎಂದು ಮೇಡಂ ಪಾಠದಲ್ಲೇ ಹೇಳಿ ಹೊಗಳಿದರು. ಕೇಳಿದ ಸಾವಿರಾರು ಜನರಲ್ಲಿ ನಮ್ಮ ಹೊಸ ಮನೆಯ ಮಾಲೀಕಮ್ಮನೂ ಒಬ್ಬರು ಎಂಬುದು ಸಾಮಾನು ಇಳಿಸುವಾಗ ಗೊತ್ತಾಯಿತು. ಅವರು ನನ್ನನ್ನು ಪಕ್ಕಕ್ಕೆ ಕರೆದು, ಕೈ ಹಿಡಿದುಕೊಂಡು ಹೇಳಿದರು:

"ಈಗ್ಲೇ ಏನೂ ಅವಸರ ಇಲ್ಲ ಪುಟ್ಟಿ. ನಂದೂ ಒಂದು ಬೋರ್ಡು ಮಾಡಿಟ್ಟಿರು, ಬೇಕಾದಾಗ ಕೇಳ್ತೀನಿ."

ಬೇಡ ಎನ್ನಲು ಬಾಯಿ ತೆರೆದೆ. ದನಿ ಬರಲಿಲ್ಲ. ಅಳತೆ ಟೇಪು ತೆಗೆದುಕೊಂಡು ಹೊರಗೆ ಹೋದೆ. ಆ ಮನೆಯ ಕಿಟಕಿಗಳ ಅಳತೆ ನನಗಿನ್ನೂ ಗೊತ್ತಿರಲಿಲ್ಲ.